ದಿಂಬಿನ ಕೆಳಗಿನ ಸೀಸೆ

ಬೆಳಿಗ್ಗೆ ಆರೂವರೆ ಅಂದರೆ ವಾರ್ಡಿನಲ್ಲಿ ಹಾಸಿಗೆ ಸರಿಮಾಡುವ ಹೊತ್ತು. ದಿಂಬು ಎತ್ತಿದರೆ ಕೆಳಗೆ ಏನೇನೋ ಸಿಗುತ್ತದೆ. ಅರ್ಧ ಖಾಲಿಯಾದ ಕಷಾಯದ ಸೀಸೆ, ಪೇಪರಿನಲ್ಲಿ ಮಡಿಸಿಟ್ಟ ಪುಡಿ, ಹರಳೆಣ್ಣೆಯ ಪುಟ್ಟ ಡಬ್ಬಿ, ದೇವಸ್ಥಾನದ ದಾರ. ಇಪ್ಪತ್ತೆರಡು ವರ್ಷದಿಂದ ನೋಡುತ್ತಿದ್ದೇನೆ. ಜನ ಆಸ್ಪತ್ರೆಗೆ ಬರುವಾಗ ಮನೆಮದ್ದನ್ನು ಮನೆಯಲ್ಲಿ ಬಿಟ್ಟು ಬರುವುದಿಲ್ಲ. ಡಾಕ್ಟರ ಕಣ್ಣಿಗೆ ಬೀಳದಂತೆ ತರುತ್ತಾರೆ, ಅಷ್ಟೇ.

ಡಾಕ್ಟರು ರೌಂಡ್ಸಿಗೆ ಬಂದು ಹೋಗುತ್ತಾರೆ. ಹಗಲೂ ರಾತ್ರಿ ಹಾಸಿಗೆ ಪಕ್ಕ ಓಡಾಡುವವರು ನಾವು ನರ್ಸುಗಳು. ಹಾಗಾಗಿ ಸೀಸೆ ಮೊದಲು ಸಿಗುವುದು ನಮ್ಮ ಕೈಗೆ. ಆಗ ನಮ್ಮ ಬಾಯಿಂದ ಬರುವ ಮೊದಲ ಮಾತು ಏನು ಅನ್ನುವುದೇ ದೊಡ್ಡ ವಿಷಯ. ಇದನ್ನು ನಾನು ಕಲಿತದ್ದು ಒಬ್ಬ ಅಜ್ಜನ ಪಾದ ಸುಟ್ಟ ಮೇಲೆ.

ಆಗ ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ಸರ್ಜಿಕಲ್ ವಾರ್ಡು. ಅಜ್ಜ ಹರ್ನಿಯಾ ಆಪರೇಷನ್ನಿಗೆ ಬಂದಿದ್ದರು. ಹದಿನೈದು ವರ್ಷದ ಸಕ್ಕರೆ ಕಾಯಿಲೆ. ಜೊತೆಗೆ ಮಗಳು. ಮೊದಲ ದಿನವೇ ಅಜ್ಜನ ಮಂಡಿಗೆ ಯಾವುದೋ ಸೊಪ್ಪು ಅರೆದು ಹಚ್ಚಿದ್ದು ಕಂಡಿತು. ಎಲ್ಲರ ಎದುರು ಗದರಿದೆ. "ಇದೇನಮ್ಮಾ, ಇದನ್ನೆಲ್ಲ ಮಾಡೋದಾದ್ರೆ ಆಸ್ಪತ್ರೆಗೆ ಯಾಕೆ ಬಂದ್ರಿ?" ಅಂದೆ. ಆಕೆ ಮಾತಾಡಲಿಲ್ಲ. ಒದ್ದೆ ಬಟ್ಟೆ ತಂದು ಮಂಡಿ ಒರೆಸಿದಳು.

ಆಪರೇಷನ್ ಚೆನ್ನಾಗಿಯೇ ಆಯಿತು. ಮಾರನೇ ರಾತ್ರಿ ಅಜ್ಜನಿಗೆ ಪಾದ ಜುಮ್ ಅನ್ನತೊಡಗಿತು, ತಣ್ಣಗಾಗಿದೆ ಅಂದರು. ಮಗಳು ನನ್ನ ಹತ್ತಿರ ಬರಲಿಲ್ಲ. ಆಸ್ಪತ್ರೆ ಹಿಂದೆ ರೋಗಿಗಳ ಕಡೆಯವರು ಅಡುಗೆ ಮಾಡಿಕೊಳ್ಳುವ ಶೆಡ್ಡಿಗೆ ಹೋಗಿ ಕಲ್ಲುಪ್ಪು ಹುರಿದಳು. ಬಟ್ಟೆಯಲ್ಲಿ ಗಂಟು ಕಟ್ಟಿ ಕಂಬಳಿಯೊಳಗೆ ಪಾದಕ್ಕೆ ತಾಗುವಂತೆ ಇಟ್ಟಳು. ಅಜ್ಜ ಸುಡುತ್ತಿದೆ ಅನ್ನಲಿಲ್ಲ. ಅವರಿಗೆ ಗೊತ್ತೇ ಆಗಲಿಲ್ಲ. ಬೆಳಿಗ್ಗೆ ಕಂಬಳಿ ಸರಿಸಿದರೆ ಎರಡೂ ಹಿಮ್ಮಡಿಯಲ್ಲಿ ನಿಂಬೆಹಣ್ಣಿನ ಗಾತ್ರದ ಬೊಬ್ಬೆ. ಹರ್ನಿಯಾದ ಹೊಲಿಗೆ ಹತ್ತು ದಿನಕ್ಕೆ ಬಿಚ್ಚಿದೆವು. ಹಿಮ್ಮಡಿ ಒಣಗಲು ಎರಡೂವರೆ ತಿಂಗಳು ಹಿಡಿಯಿತು.

ಬಹಳ ವರ್ಷ ಸಕ್ಕರೆ ಜಾಸ್ತಿ ಇದ್ದವರ ಪಾದದ ನರಗಳು ಸೊರಗುತ್ತವೆ. ಜುಮ್ ಅನ್ನುವುದು, ತಣ್ಣಗೆ ಅನ್ನಿಸುವುದು ಆ ನರಗಳ ತೊಂದರೆಯೇ. ನಿಜವಾದ ಬಿಸಿ ಮಾತ್ರ ತಿಳಿಯುವುದಿಲ್ಲ. ನಮಗೆ ಇದು ಪಾಠದಲ್ಲೇ ಇದೆ. ಶಾಖ ಕೊಡುವ ಮೊದಲು ಸ್ಪರ್ಶ ತಿಳಿಯುತ್ತಾ ನೋಡಬೇಕು. 10 ಗ್ರಾಂ ಒತ್ತುವ ಒಂದು ಸಣ್ಣ ನೈಲಾನ್ ಎಳೆ ಬರುತ್ತದೆ, ಅದನ್ನು ಪಾದಕ್ಕೆ ಮುಟ್ಟಿಸಿ ಕೇಳಿದರೆ ಸಾಕು. ಅದು ತಿಳಿಯದವರಿಗೆ ಉಪ್ಪಿನ ಗಂಟೂ ಬೇಡ, ಹಾಟ್ ವಾಟರ್ ಬ್ಯಾಗೂ ಬೇಡ. ಕಾಲು ತೊಳೆಯುವ ನೀರು ಕೂಡ 37 ಡಿಗ್ರಿ ದಾಟಬಾರದು. ಅದನ್ನೂ ಮನೆಯವರೇ ಮೊಣಕೈ ಅದ್ದಿ ನೋಡಬೇಕು. ಇದನ್ನೆಲ್ಲ ಆ ಮಗಳಿಗೆ ಐದು ನಿಮಿಷದಲ್ಲಿ ಹೇಳಬಹುದಿತ್ತು. ಆದರೆ ಆಕೆ ನನ್ನನ್ನು ಕೇಳದಂತೆ ನಾನೇ ಮೊದಲ ದಿನ ಮಾಡಿಟ್ಟಿದ್ದೆ.

ಅಂದಿನಿಂದ ಕೇಳುವ ರೀತಿ ಬದಲಾಯಿತು. "ಬೇರೆ ಏನಾದ್ರೂ ಔಷಧಿ ತಗೊಳ್ತಿದ್ದೀರಾ?" ಅಂತ ಕೇಳಿದರೆ ಎಲ್ಲರೂ ಇಲ್ಲ ಅನ್ನುತ್ತಾರೆ. ಅದು ಸುಳ್ಳಲ್ಲ. ಅವರ ಲೆಕ್ಕದಲ್ಲಿ ಕಷಾಯ ಔಷಧಿಯಲ್ಲ, ಹಾಗಲಕಾಯಿ ರಸ ತರಕಾರಿ, ಪುಡಿ ಅನ್ನುವುದು ಗುರುಗಳ ಪ್ರಸಾದ. ಹಾಗಾಗಿ ಈಗ ಹೀಗೆ ಕೇಳುತ್ತೇನೆ: "ಬೆಳಿಗ್ಗೆ ಖಾಲಿ ಹೊಟ್ಟೆಗೆ ಏನು ಕುಡೀತೀರಿ? ನೋವಿಗೆ ಮನೇಲಿ ಏನು ಹಚ್ಚಿದ್ರಿ? ಊರಲ್ಲಿ ಯಾರ ಹತ್ರ ತೋರಿಸಿದ್ರಿ?" ನಮ್ಮಮ್ಮನೂ ಉಪ್ಪಿನ ಶಾಖ ಕೊಡುತ್ತಿದ್ದರು ಅಂತ ಒಂದು ಮಾತು ಸೇರಿಸುತ್ತೇನೆ. ಆಮೇಲೆ ಸುಮ್ನೆ ಕಾಯುತ್ತೇನೆ. ಮುಖ ಗಂಟು ಹಾಕಿಕೊಳ್ಳದೆ ಕಾದರೆ ಸಾಕು, ಸೀಸೆ ತಾನಾಗಿಯೇ ಹೊರಗೆ ಬರುತ್ತದೆ.

ಬಂದ ಮೇಲೆ ನಿಜವಾದ ಕೆಲಸ ಶುರು. ಹೃದಯದ ಕವಾಟ ಬದಲಾಯಿಸಿಕೊಂಡವರು ರಕ್ತ ಹೆಪ್ಪುಗಟ್ಟದಿರಲು ಅಸಿಟ್ರಾಂನಂಥ ಮಾತ್ರೆ ತಗೊಳ್ಳುತ್ತಾರೆ. ಪಾಲಕ್, ನುಗ್ಗೆಸೊಪ್ಪು ತಿನ್ನುವುದು ದಿಢೀರನೆ ಜಾಸ್ತಿಯಾದರೆ ಅದರಲ್ಲಿರುವ ವಿಟಮಿನ್ ಕೆ ಆ ಮಾತ್ರೆಯ ಬಲ ಕುಗ್ಗಿಸುತ್ತದೆ. ಬೆಳ್ಳುಳ್ಳಿ ಮಾತ್ರೆ, ಅರಿಸಿನದ ಕ್ಯಾಪ್ಸೂಲ್‌ಗಳಿಂದ ರಕ್ತಸ್ರಾವದ ಭಯ ಹೆಚ್ಚು. ಸೊಪ್ಪು ಬಿಡಿ ಅಂತ ಹೇಳುವುದಲ್ಲ, ವಾರವಾರವೂ ಒಂದೇ ಅಳತೆಯಲ್ಲಿ ತಿನ್ನಿ, ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತೆ ಅಂತ ನೋಡುವ ಐಎನ್ಆರ್ ಪರೀಕ್ಷೆ ತಪ್ಪಿಸಬೇಡಿ ಅಂತ ಹೇಳುವುದು. ಸಾರಿಗೆ ಹಾಕುವ ಒಗ್ಗರಣೆಯ ಬೆಳ್ಳುಳ್ಳಿಗೆ ಯಾರೂ ಹೆದರಬೇಕಿಲ್ಲ. ಆಪರೇಷನ್ನಿಗೆ ಮೊದಲು ಎರಡು ವಾರ ಗಿಡಮೂಲಿಕೆ ಮಾತ್ರೆಗಳನ್ನು ನಿಲ್ಲಿಸಿ ಅಂತ ಅರಿವಳಿಕೆ ವೈದ್ಯರು ಹೇಳುವುದೂ ಬಹುಮಟ್ಟಿಗೆ ಈ ರಕ್ತಸ್ರಾವದ ಕಾರಣಕ್ಕೇ. ಸಕ್ಕರೆ ಮಾತ್ರೆ ನುಂಗಿ ಅದರ ಮೇಲೆ ಲೋಟ ತುಂಬ ಹಾಗಲಕಾಯಿ ರಸ ಕುಡಿದು, ತಿಂಡಿ ತಡವಾದರೆ ಸಕ್ಕರೆ ಜಾರಿ ಬೆವರಿ ಬಿದ್ದವರೂ ಇದ್ದಾರೆ.

ಅತಿಮಧುರದ ವಿಷಯ ಮಾತ್ರ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ಇದನ್ನು ಯಾರೂ ಅನುಮಾನಿಸುವುದಿಲ್ಲ. ಕೆಮ್ಮಿಗೆ, ಗಂಟಲಿಗೆ ಎಲ್ಲರ ಮನೆಯಲ್ಲೂ ಇರುತ್ತದೆ. ಎರಡು ದಿನ ಚೀಪಿದರೆ ಏನೂ ಆಗುವುದಿಲ್ಲ. ತಿಂಗಳುಗಟ್ಟಲೆ ಕಷಾಯ ಮಾಡಿ ಕುಡಿದರೆ ದೇಹದಲ್ಲಿ ಉಪ್ಪು, ನೀರು ನಿಲ್ಲುತ್ತದೆ, ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಮೂತ್ರ ಹೋಗಲು ಕೊಡುವ ಕೆಲವು ಮಾತ್ರೆಗಳೂ ಪೊಟ್ಯಾಸಿಯಂ ಇಳಿಸುತ್ತವೆ. ಎರಡೂ ಸೇರಿದರೆ ಕೈಕಾಲು ಸೋತುಹೋಗುತ್ತದೆ, ಹೃದಯದ ಬಡಿತ ತಾಳ ತಪ್ಪುತ್ತದೆ. ಬಿಪಿ ಮಾತ್ರೆ ಎಷ್ಟು ಬದಲಾಯಿಸಿದರೂ ಇಳಿಯುತ್ತಿಲ್ಲ ಅಂತ ಡಾಕ್ಟರು ತಲೆ ಕೆಡಿಸಿಕೊಂಡಿರುವಾಗ, ಉತ್ತರ ದಿಂಬಿನ ಕೆಳಗೆ ಇರಬಹುದು.

ಹೆಸರಿಲ್ಲದ ಪುಡಿಗಳ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ. ಇಂಟರ್‌ನೆಟ್ಟಿನಲ್ಲಿ ಮಾರುವ 193 ಆಯುರ್ವೇದ ಉತ್ಪನ್ನಗಳನ್ನು ತರಿಸಿ ಪರೀಕ್ಷಿಸಿದ ಅಧ್ಯಯನ 2008ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂತು. ಐದರಲ್ಲಿ ಒಂದರಷ್ಟರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇತ್ತು. ಪರದೇಶಕ್ಕೆ ಹೋದ ನಮ್ಮ ಮಕ್ಕಳು ಊರಿನಿಂದ ತರಿಸಿಕೊಳ್ಳುವುದೂ ಇಂಥವನ್ನೇ. ಕಾರಣ ಸಿಗದ ಹೊಟ್ಟೆನೋವು, ಜೊತೆಗೆ ರಕ್ತಹೀನತೆ ಕಂಡರೆ ಪುಡಿಯ ಬಗ್ಗೆ ಕೇಳಲೇಬೇಕು. ಅದೇನು ಅಂತ ನಮಗೆ ತಿಳಿಯದಿದ್ದರೆ ಆಯುಷ್ ವೈದ್ಯರನ್ನೇ ಕೇಳುತ್ತೇನೆ. ಹೆಸರು, ಕಂಪನಿ, ಬ್ಯಾಚ್ ನಂಬರ್ ಇರುವ ಔಷಧಿಯಾದರೆ ಅವರು ಒಂದು ನಿಮಿಷದಲ್ಲಿ ಅದರಲ್ಲೇನಿದೆ ಅಂತ ಹೇಳುತ್ತಾರೆ. ಅವರೂ ಹೆಸರಿಲ್ಲದ ಪುಡಿಯನ್ನು ಒಪ್ಪುವುದಿಲ್ಲ. ಹಾಗೆಯೇ ಕಾಮಾಲೆಗೆ ಮೂಗಿಗೆ ಹಿಂಡುವ ರಸ, ಹಸುಗೂಸಿನ ಹೊಟ್ಟೆಗೆ ಹಾಕುವ ಬರೆ, ಮುರಿದ ಮೂಳೆಗೆ ಬೆರಳು ನೀಲಿಯಾಗುವಷ್ಟು ಬಿಗಿದ ಕಟ್ಟು. ಇವನ್ನು ಕಂಡರೆ ಪ್ರೀತಿಯಿಂದಲೇ, ಆದರೆ ಕೂಡಲೇ ನಿಲ್ಲಿಸಬೇಕು. ಕಟ್ಟು ಬಿಗಿದು ಬೆರಳು ಮರಗಟ್ಟಿದ್ದರೆ ಅರ್ಧ ದಿನವೂ ಕಾಯುವ ಹಾಗಿಲ್ಲ, ಒಳಗೆ ಮಾಂಸಖಂಡ ಸಾಯುತ್ತಿರುತ್ತದೆ.

ಆದರೆ ಇನ್ನೊಂದು ಮಾತೂ ಹೇಳಬೇಕು. ಬರೀ ರೋಗಿಗಳ ಮನೆಯಲ್ಲಷ್ಟೇ ಅಲ್ಲ, ನರ್ಸಿಂಗಿನ ಒಳಗೂ ಮನೆಮದ್ದು ಇತ್ತು. ಮಲಗಿದಲ್ಲೇ ಇರುವವರ ಬೆನ್ನಿಗೆ ಸ್ಪಿರಿಟ್ ಹಚ್ಚಿ, ಪೌಡರ್ ಹಾಕಿ, ಕೆಂಪಾದ ಜಾಗವನ್ನು ಚೆನ್ನಾಗಿ ತಿಕ್ಕಿ ಅಂತ ನಮಗೆ ಕಲಿಸಿದ್ದರು. ಶ್ರದ್ಧೆಯಿಂದ ತಿಕ್ಕಿದ್ದೇವೆ. ಈಗ ಗೊತ್ತು, ಮೂಳೆ ಉಬ್ಬಿದ ಕಡೆ ಕೆಂಪಾದ ಚರ್ಮವನ್ನು ತಿಕ್ಕಬಾರದು. ಒತ್ತಡಕ್ಕೆ ಸಿಕ್ಕಿ ಸೋತ ಸಣ್ಣ ರಕ್ತನಾಳಗಳು ತಿಕ್ಕಿದರೆ ಇನ್ನೂ ಹಾಳಾಗುತ್ತವೆ. ಸ್ಪಿರಿಟ್ ಚರ್ಮ ಒಣಗಿಸುತ್ತದೆ. ಎರಡು ಗಂಟೆಗೊಮ್ಮೆ ಮಗ್ಗಲು ಬದಲಾಯಿಸುವುದೇ ಮುಖ್ಯ. ನಾವು ಬಿಟ್ಟೆವು, ಯಾಕೆಂದರೆ ಯಾರೋ ಕೂತು ಪರೀಕ್ಷಿಸಿ ನೋಡಿದರು. ರೋಗಿಯ ಸೀಸೆಗೂ ನಮ್ಮ ಸ್ಪಿರಿಟ್ಟಿಗೂ ಅಳತೆಗೋಲು ಒಂದೇ ಇರಬೇಕು, ಅಲ್ವಾ?

ಆ ಅಳತೆಗೋಲಿನಲ್ಲಿ ಗೆದ್ದದ್ದೂ ಇದೆ. ನನಗೆ ತುಂಬಾ ಇಷ್ಟವಾದದ್ದು ಬಾಳೆ ಎಲೆ. ಮುಂಬೈಯ ಸಯನ್ ಆಸ್ಪತ್ರೆಯ ವೈದ್ಯರು ಸುಟ್ಟ ಗಾಯಗಳಿಗೆ ಬಾಳೆ ಎಲೆಯ ಡ್ರೆಸಿಂಗ್ ಹಾಕಿ ನೋಡಿ, 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಲೆಯನ್ನು ಆಟೋಕ್ಲೇವಿನಲ್ಲಿಟ್ಟು ಕ್ರಿಮಿ ಇಲ್ಲದಂತೆ ಮಾಡಿಯೇ ಹಾಕಿದ್ದು. ಸುಟ್ಟ ಗಾಯದ ಡ್ರೆಸಿಂಗ್ ಬಿಚ್ಚುವುದನ್ನು ನೋಡಿದವರಿಗೆ ಇದರ ಬೆಲೆ ತಿಳಿಯುತ್ತದೆ. ಬಟ್ಟೆ ಹಸಿ ಗಾಯಕ್ಕೆ ಕಚ್ಚಿಕೊಂಡಿರುತ್ತದೆ, ಎಳೆದರೆ ಹೊಸ ಚರ್ಮವೂ ಕಿತ್ತು ಬರುತ್ತದೆ. ಆ ಕೂಗು ವಾರ್ಡಿನ ಕೊನೆಯವರೆಗೂ ಕೇಳುತ್ತದೆ. ಬಾಳೆ ಎಲೆ ಅಂಟುವುದಿಲ್ಲ, ಮೇಣದ ಹಾಗೆ ನುಣ್ಣಗೆ ಜಾರಿ ಬರುತ್ತದೆ. ಊಟಕ್ಕೆ ಹಾಕುವ ಎಲೆಯನ್ನು ಹಾಗೇ ತಂದು ಕಟ್ಟಬಹುದು ಅಂತ ಮಾತ್ರ ಯಾರೂ ತಿಳಿಯಬಾರದು.

ನಾನು ದಿನವೂ ಬಳಸುವುದು ಇನ್ನೂ ಸಣ್ಣದು. ಆಪರೇಷನ್ ಆದ ಮೇಲೆ ಹೊಟ್ಟೆ ತೊಳಸುವವರಿಗೆ ಇಂಜೆಕ್ಷನ್ ಇದೆ. ಅದು ಹಿಡಿಯುವ ತನಕ ಒಂದು ಸ್ಪಿರಿಟ್ ಸ್ವಾಬ್ ಬಿಚ್ಚಿ ಮೂಗಿನಿಂದ ಎರಡು ಬೆರಳು ದೂರದಲ್ಲಿ ಹಿಡಿಯುತ್ತೇನೆ. ಮೂಗಿನಿಂದ ನಿಧಾನವಾಗಿ ಎಳೆದುಕೊಳ್ಳಿ, ಬಾಯಿಂದ ಬಿಡಿ ಅನ್ನುತ್ತೇನೆ. ತುರ್ತು ವಿಭಾಗಗಳಲ್ಲಿ ಉಪ್ಪುನೀರಿನ ಸ್ವಾಬ್ ಜೊತೆ ಹೋಲಿಸಿ ನೋಡಿದಾಗಲೂ ಇದು ಓಕರಿಕೆ ತಗ್ಗಿಸಿದೆ. ಹಾಗೆಯೇ ಮಣಿಕಟ್ಟಿನ ಗೆರೆಯಿಂದ ಮೂರು ಬೆರಳು ಮೇಲೆ, ಎರಡು ನರದ ಹಾಗೆ ಕಾಣುವ ಸ್ನಾಯುಹುರಿಗಳ ನಡುವೆ ಒಂದು ಬಿಂದು. ಚೀನಾದ ಪದ್ಧತಿಯಲ್ಲಿ ಅದು ನೈಗುವಾನ್, ನಾವು ಪಿ6 ಅನ್ನುತ್ತೇವೆ. ಹೆಬ್ಬೆರಳಿನಿಂದ ಒಂದೆರಡು ನಿಮಿಷ ಒತ್ತುವುದು. ಆಪರೇಷನ್ ನಂತರದ ವಾಂತಿಗೆ ಇದು ಉಪಯೋಗವಾಗುತ್ತದೆ ಅಂತ, ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗುವ ಕಾಕ್ರೇನ್ ವಿಮರ್ಶೆ ಕಂಡುಕೊಂಡಿದೆ. ಶಕ್ತಿಯ ನಾಳ, ಪ್ರಾಣದ ಹರಿವು ಅನ್ನುವ ವಿವರಣೆಯನ್ನು ನಾನು ಒಪ್ಪಬೇಕಾಗಿಲ್ಲ. ಒತ್ತಿದರೆ ವಾಂತಿ ಕಡಿಮೆಯಾಗುತ್ತಾ, ತೊಂದರೆ ಏನೂ ಇಲ್ಲವಾ, ಅಷ್ಟು ಸಾಕು.

ಅದೇ ಅಳತೆಗೋಲಿನಲ್ಲಿ ಸೋತ ಒಂದು ಕತೆಯೂ ನರ್ಸಿಂಗಿನದ್ದೇ. 1970ರ ದಶಕದಲ್ಲಿ ಅಮೆರಿಕದಲ್ಲಿ ಡೊಲೊರೆಸ್ ಕ್ರೀಗರ್ ಎಂಬ ನರ್ಸಿಂಗ್ ಪ್ರೊಫೆಸರ್ 'ಥೆರಪ್ಯೂಟಿಕ್ ಟಚ್' ಅನ್ನುವುದನ್ನು ಬೆಳೆಸಿದರು. ಹೆಸರಿನಲ್ಲಿ ಸ್ಪರ್ಶ ಇದ್ದರೂ ರೋಗಿಯನ್ನು ಮುಟ್ಟುವುದಿಲ್ಲ. ಮೈಯಿಂದ ಸ್ವಲ್ಪ ದೂರದಲ್ಲಿ ಕೈಯಾಡಿಸಿ 'ಶಕ್ತಿವಲಯ' ಸರಿಮಾಡುವುದು. ಸಾವಿರಾರು ನರ್ಸುಗಳು ಕಲಿತರು. ಎಮಿಲಿ ರೋಸಾ ಎಂಬ ಒಂಬತ್ತು ವರ್ಷದ ಹುಡುಗಿ ಶಾಲೆಯ ವಿಜ್ಞಾನ ಪ್ರದರ್ಶನಕ್ಕಾಗಿ ಇದನ್ನು ಪರೀಕ್ಷಿಸಿದಳು. ರಟ್ಟಿನ ಮರೆಯ ಆಚೆ ಕೂತು, ಆ ಚಿಕಿತ್ಸೆ ಮಾಡುವವರ ಎಡಗೈ ಅಥವಾ ಬಲಗೈ ಮೇಲೆ ತನ್ನ ಕೈ ಹಿಡಿದು, ಯಾವ ಕಡೆ ಅಂತ ಕೇಳಿದಳು. 21 ಮಂದಿ, 280 ಸಲ. ಸರಿಯಾದದ್ದು 123. ನಾಣ್ಯ ಚಿಮ್ಮಿದ್ದರೂ ಸುಮಾರು 140 ಬರುತ್ತಿತ್ತು. 1998ರಲ್ಲಿ ಅದೂ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲೇ ಅಚ್ಚಾಯಿತು. ಆ ನರ್ಸುಗಳ ಮನಸ್ಸು ಒಳ್ಳೆಯದೇ ಇತ್ತು ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಗಾಳಿಯಲ್ಲಿ ಕೈಯಾಡಿಸುವ ಆ ಹೊತ್ತಿನಲ್ಲಿ ರೋಗಿಯ ಕೈ ಹಿಡಿದು ಕೂತಿದ್ದರೆ, ಬೆನ್ನಿಗೆ ಎಣ್ಣೆ ಹಚ್ಚಿದ್ದರೆ, ಅವರಿಗೆ ಬೇಕಾದ ಹಾಡು ಹಾಕಿದ್ದರೆ ಜಾಸ್ತಿ ಉಪಯೋಗವಾಗುತ್ತಿತ್ತು ಅಂತ ನನಗನ್ನಿಸುತ್ತದೆ. ಆಪರೇಷನ್ನಿಗೆ ಮೊದಲು ಹಾಡು ಕೇಳಿಸಿದರೆ ಆತಂಕ ಕಡಿಮೆಯಾಗುವುದನ್ನು ಅಳೆದು ತೋರಿಸಿದ್ದಾರೆ. ಹಾಡು ಮಾತ್ರ ರೋಗಿಯೇ ಆರಿಸಿದ್ದಾಗಿರಬೇಕು. ನಮ್ಮಲ್ಲಿ ಒಬ್ಬರು ದಾಸರ ಪದ ಕೇಳುತ್ತಾರೆ, ಪಕ್ಕದವರು ಹಳೆಯ ಸಿನಿಮಾ ಹಾಡು.

ಪಥ್ಯದ ಬಗ್ಗೆ ಹೇಳದೆ ಮುಗಿಸಲಾರೆ. ಹೊಲಿಗೆ ಹಾಕಿದ ಮೇಲೆ ಮನೆಯವರ ಮೊದಲ ಭಯ ನಂಜು. ಬೇಳೆ ಬೇಡ, ಮೊಟ್ಟೆ ಬೇಡ, ಕಡಲೆಕಾಯಿ ಬೇಡ, ಬದನೆಕಾಯಿಯಂತೂ ಬೇಡವೇ ಬೇಡ. ಹದಿನೈದು ದಿನ ಗಂಜಿ, ಉಪ್ಪಿನಕಾಯಿ. ಗಾಯ ಕೂಡಲು ಬೇಕಾದ ಪ್ರೋಟೀನನ್ನೇ ನಂಜಿನ ಹೆಸರಲ್ಲಿ ದೂರ ಇಡುತ್ತಾರೆ. ಇಲ್ಲಿ ವಾದ ಮಾಡಿ ಗೆದ್ದವರನ್ನು ನಾನು ಕಂಡಿಲ್ಲ. "ಬದನೆಕಾಯಿ ಬಿಟ್ಬಿಡಿ, ಪರವಾಗಿಲ್ಲ. ಹೆಸರುಬೇಳೆ ತಂಪು ಅಲ್ವಾ, ಅದರ ತೊವ್ವೆ ಕೊಡಿ. ಮಜ್ಜಿಗೆ ಕೊಡಿ" ಅನ್ನುತ್ತೇನೆ. ತಂಪು ಅಂದರೆ ಅಜ್ಜಿಯೂ ಒಪ್ಪುತ್ತಾರೆ, ಗಾಯಕ್ಕೂ ಬೇಕಾದದ್ದು ಸಿಗುತ್ತದೆ.

ಹೋದ ತಿಂಗಳು ಗರ್ಭಕೋಶದ ಆಪರೇಷನ್ನಿಗೆ ಒಬ್ಬ ತಾಯಿ ತಮ್ಮ ಅತ್ತೆಯ ಜೊತೆ ಬಂದರು. ಬಿಪಿ ಮಾತ್ರೆ ತಗೊಳ್ಳುತ್ತಿದ್ದರು. ಖಾಲಿ ಹೊಟ್ಟೆಗೆ ಏನು ಕುಡೀತೀರಿ ಅಂತ ಕೇಳಿದೆ. ಅತ್ತೆ ಸೊಸೆ ಮುಖ ಮುಖ ನೋಡಿಕೊಂಡರು. ಆಮೇಲೆ ಅತ್ತೆ ಚೀಲದಿಂದ ಸೀಸೆ ತೆಗೆದು ಕೈಗೆ ಕೊಟ್ಟರು. ಮುಚ್ಚಳ ಬಿಚ್ಚಿ ಮೂಸಿದೆ. ಶುಂಠಿ, ಮೆಣಸು, ಅದರ ಹಿಂದೆ ಸಿಹಿ ವಾಸನೆ. ಅತಿಮಧುರ, ಆರು ತಿಂಗಳಿಂದ. ಕೇಸ್ ಶೀಟಿನಲ್ಲಿ ಬರೆದೆ, ಡಾಕ್ಟರಿಗೆ ಹೇಳಿದೆ. ರಕ್ತ ಪರೀಕ್ಷೆಯಲ್ಲಿ ಪೊಟ್ಯಾಸಿಯಂ ಕಡಿಮೆಯೇ ಇತ್ತು. ಅದನ್ನು ಸರಿಮಾಡಿ ಐದು ದಿನ ತಡವಾಗಿ ಆಪರೇಷನ್ ಆಯಿತು.

ಆಪರೇಷನ್ ಆದ ಮಾರನೇ ಸಂಜೆ ಅತ್ತೆ ನರ್ಸಿಂಗ್ ಸ್ಟೇಷನ್ನಿಗೆ ಬಂದು ನಿಂತರು. ಕೈಯಲ್ಲಿ ಕೊಬ್ಬರಿ ಎಣ್ಣೆ ಬಟ್ಟಲು.

"ಸಿಸ್ಟರ್, ಕಾಲು ನೋವು ಅಂತಾಳೆ. ಎಣ್ಣೆ ಹಚ್ಚಿ ತಿಕ್ಕಲಾ?"

ಹೋಗಿ ಎರಡೂ ಮೀನಖಂಡ ಮುಟ್ಟಿ ನೋಡಿದೆ. ಎಡಗಾಲು ಬಿಸಿ, ಸ್ವಲ್ಪ ಊದಿತ್ತು. ಒತ್ತಿದರೆ ಮುಖ ಕಿವುಚಿದರು. ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ತಿಕ್ಕಿದಾಗ ಅದು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು. "ಕಾಲು ಬೇಡಮ್ಮ, ಈಗಲೇ ಡಾಕ್ಟರಿಗೆ ತೋರಿಸೋಣ" ಅಂದು ಫೋನ್ ಮಾಡಿದೆ. ಸ್ಕ್ಯಾನಿಂಗಿಗೆ ಕರೆದೊಯ್ಯುವ ಟ್ರಾಲಿ ಬರಲು ಇಪ್ಪತ್ತು ನಿಮಿಷವಿತ್ತು. ಸೊಸೆ ಹೆದರಿದ್ದರು. ಅತ್ತೆಗೆ ಕುರ್ಚಿ ಎಳೆದು ಕೊಟ್ಟು, "ಕೈಗೆ ಹಚ್ಚಿ, ಡ್ರಿಪ್ ಇಲ್ಲದ ಕೈಗೆ" ಅಂದೆ. ಅವರು ಅಂಗೈಗೆ ಎಣ್ಣೆ ಹಾಕಿಕೊಂಡು, ಎರಡೂ ಕೈ ಉಜ್ಜಿ ಬೆಚ್ಚಗೆ ಮಾಡಿಕೊಂಡು, ಸೊಸೆಯ ಬೆರಳುಗಳನ್ನು ಒಂದೊಂದಾಗಿ ನೀವತೊಡಗಿದರು.