ನೊಣದ ಕಣ್ಣು ಶಾರ್ಪ್, ಕಾಲು ಮಸುಕು: ಸ್ಟ್ಯಾಕಿಂಗ್ ಬೇಕೇ ಬೇಕಾ?

ಪ್ರಶ್ನೆ: ಮ್ಯಾಕ್ರೋ ಲೆನ್ಸ್ ತಗೊಂಡು ಆರು ತಿಂಗಳಾಯಿತು. ನೊಣದ ಕಣ್ಣು ಶಾರ್ಪ್ ಬಂದರೆ ಕಾಲು ಮಸುಕು, ಕಾಲು ಸರಿಯಾದರೆ ರೆಕ್ಕೆ ಹೋಗಿರುತ್ತದೆ. ಕೇಳಿದವರೆಲ್ಲ ‘ಫೋಕಸ್ ಸ್ಟ್ಯಾಕಿಂಗ್ ಮಾಡಿ’ ಅಂತಾರೆ. ಒಂದೇ ಶಾಟ್‌ನಲ್ಲಿ ಕೀಟದ ಒಳ್ಳೇ ಫೋಟೋ ಬರೋದೇ ಇಲ್ವಾ?

ಬರುತ್ತದೆ. ನಾನು ಇಟ್ಟುಕೊಂಡಿರುವ ಕೀಟಗಳ ಚಿತ್ರಗಳಲ್ಲಿ ಹತ್ತಕ್ಕೆ ಏಳೆಂಟು ಒಂದೇ ಶಾಟ್‌ನವು. ಸ್ಟ್ಯಾಕಿಂಗ್ (ಹಲವು ಫ್ರೇಮ್ ಜೋಡಿಸಿ ಒಂದು ಚಿತ್ರ ಮಾಡುವುದು) ವಿಷಯಕ್ಕೆ ಬರೋಣ, ಆದರೆ ಮೊದಲು ನಿಮ್ಮ ನೊಣದ ಕಾಲು ಯಾಕೆ ಮಸುಕಾಯಿತು ಅಂತ ನೋಡೋಣ.

ಮನೆನೊಣ ಸುಮಾರು 7 ಮಿಲಿಮೀಟರ್ ಉದ್ದ. 1:1ರಲ್ಲಿ ತೆಗೆದರೆ ಸೆನ್ಸರ್ (ಕ್ಯಾಮೆರಾದೊಳಗೆ ಚಿತ್ರ ಬೀಳುವ ಚಿಪ್) ಮೇಲೂ ಅದು ಅಷ್ಟೇ ಉದ್ದ ಬೀಳುತ್ತದೆ. ಫುಲ್ ಫ್ರೇಮ್ (ದೊಡ್ಡ ಸೆನ್ಸರ್‌ನ) ಕ್ಯಾಮೆರಾದಲ್ಲಿ ಅಪರ್ಚರ್, ಅಂದರೆ ಬೆಳಕು ಒಳಬರುವ ತೂತು, ಎಫ್/8 ಇಟ್ಟರೆ ಶಾರ್ಪ್ ಆಗಿ ಕಾಣುವ ಆಳ ಹೆಚ್ಚುಕಮ್ಮಿ 1 ಮಿ.ಮೀ. ಮಾತ್ರ. ನೊಣ ನಿಮ್ಮ ಕಡೆಗೇ ಮುಖ ಮಾಡಿ ಕೂತಿದೆ ಅಂದುಕೊಳ್ಳಿ. ತಲೆಯಿಂದ ಹಿಂಭಾಗದವರೆಗೆ 7 ಮಿ.ಮೀ. ಬೇಕು, ಸಿಕ್ಕಿದ್ದು 1. ಇನ್ನೂ ದೊಡ್ಡದಾಗಿ ಕಾಣಲಿ ಅಂತ 2:1ಕ್ಕೆ ಹೋದರೆ ಆ ಒಂದೂ ಉಳಿಯುವುದಿಲ್ಲ, ಮೂರನೇ ಒಂದು ಭಾಗದಷ್ಟಾಗುತ್ತದೆ.

ಇಲ್ಲಿ ಎಲ್ಲರೂ ಮಾಡುವ ಕೆಲಸ ತೂತು ತೀರಾ ಸಣ್ಣದಾಗುವಂತೆ ಎಫ್/22ಕ್ಕೆ ತಿರುಗಿಸುವುದು. ನಾನೂ ವರ್ಷಗಟ್ಟಲೆ ಮಾಡಿದ್ದೇನೆ. ಆಳ ಜಾಸ್ತಿ ಆಗುತ್ತದೆ, ನಿಜ. ಆದರೆ ಮ್ಯಾಕ್ರೋದಲ್ಲಿ ಅಪರ್ಚರ್ ಸಂಖ್ಯೆಯನ್ನು ಹಾಗೇ ನಂಬುವಂತಿಲ್ಲ. 1:1ರಲ್ಲಿ ಅದು ಸುಮಾರು ಎರಡು ಪಟ್ಟಾಗಿ ಕೆಲಸ ಮಾಡುತ್ತದೆ. ನೀವು ಇಟ್ಟಿದ್ದು 22, ಪರಿಣಾಮ 44ರದ್ದು. (ಕೆಲವು ಕ್ಯಾಮೆರಾಗಳು ಈ ನಿಜವಾದ ಸಂಖ್ಯೆಯನ್ನೇ ತೋರಿಸುತ್ತವೆ, ಕೆಲವು ಸುಮ್ನಿರುತ್ತವೆ.) ಅಷ್ಟು ಸಣ್ಣ ತೂತಿನಲ್ಲಿ ನುಸುಳುವ ಬೆಳಕು ಹರಡಿಕೊಳ್ಳುತ್ತದೆ. ಇದೇ ಡಿಫ್ರಾಕ್ಷನ್. ನೊಣದ ಕಣ್ಣಿನಲ್ಲಿ ಜೇನುಹಟ್ಟಿಯ ಹಾಗೆ ಕಾಣಬೇಕಾದ ಸಣ್ಣ ಸಣ್ಣ ಮನೆಗಳೆಲ್ಲ ಕರಗಿ, ಕಣ್ಣು ಬರೀ ಕೆಂಪು ಗುಂಡಾಗಿಬಿಡುತ್ತದೆ. ಕಾಲು, ರೆಕ್ಕೆ ಎಲ್ಲ ಫೋಕಸ್‌ನಲ್ಲೇ ಇರುತ್ತವೆ, ಆದರೆ ಯಾವುದೂ ಶಾರ್ಪ್ ಇರುವುದಿಲ್ಲ. ಅದಕ್ಕೇ ನಾನು 1:1ರಲ್ಲಿ ಎಫ್/11 ದಾಟುವುದಿಲ್ಲ.

ಹಾಗಾದರೆ ಏನು ಮಾಡೋದು? ನೀವು ಜಾಗ ಬದಲಿಸಿ. ಅದೇ ನೊಣವನ್ನು ಪಕ್ಕದಿಂದ ನೋಡಿ. ಈಗ ಅದರ 7 ಮಿ.ಮೀ. ಉದ್ದ ಸೆನ್ಸರ್‌ಗೆ ಸಮಾನಾಂತರವಾಗಿ ಮಲಗಿದೆ. ನಿಮಗೆ ಬೇಕಿರುವುದು ಈಚೆ ಬದಿಯ ಕಣ್ಣು, ಕಾಲು, ರೆಕ್ಕೆಯ ಅಂಚು ಅಷ್ಟೇ. ಎಫ್/11ರಲ್ಲಿ ಸಿಗುವ ಒಂದೂಕಾಲು ಮಿಲಿಮೀಟರ್‌ನಲ್ಲಿ ಅದರ ಮುಕ್ಕಾಲು ಪಾಲು ಹಿಡಿಯುತ್ತದೆ. ರೆಕ್ಕೆ ಮಡಚಿ ಕೂತ ಚಿಟ್ಟೆ ಇನ್ನೂ ಸುಲಭ, ಅದು ಕಾಗದದ ಹಾಳೆ ಇದ್ದಂತೆ. ಲೆನ್ಸ್ ಎರಡು ಡಿಗ್ರಿ ಓರೆಯಾದರೂ ರೆಕ್ಕೆಯ ತುದಿ ಮಸುಕಾಗುತ್ತದೆ ಅನ್ನೋದು ಗೊತ್ತಾಗುವುದೂ ಅಲ್ಲೇ.

ಇನ್ನೊಂದು ಸಣ್ಣ ವಿಷಯ. ಇಷ್ಟು ಹತ್ತಿರದಲ್ಲಿ ಶಾರ್ಪ್ ಆಳ ಫೋಕಸ್ ಬಿಂದುವಿನ ಹಿಂದೆ ಅರ್ಧ, ಮುಂದೆ ಅರ್ಧ ಹಂಚಿಕೊಳ್ಳುತ್ತದೆ. ನೊಣ ನಿಮ್ಮ ಕಡೆ ನೋಡುತ್ತಿರುವಾಗ ಅದರ ಮೂತಿಯ ತುದಿಗೆ ಫೋಕಸ್ ಮಾಡಿದರೆ ಅರ್ಧ ಆಳ ಗಾಳಿಪಾಲು. ಕಣ್ಣಿನ ಮುಂಭಾಗಕ್ಕಿಂತ ಕೂದಲೆಳೆಯಷ್ಟು ಹಿಂದಕ್ಕೆ ಫೋಕಸ್ ಹಿಡಿಯಿರಿ. ಇದೊಂದನ್ನು ಸರಿ ಮಾಡಿಕೊಂಡಾಗಲೇ ನನ್ನ ಅರ್ಧಕ್ಕರ್ಧ ಫೋಟೋಗಳು ಸುಧಾರಿಸಿದವು.

ಈಗ ಸ್ಟ್ಯಾಕಿಂಗ್. ಫೋಕಸನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತಾ ಒಂದರ ಹಿಂದೊಂದು ಫ್ರೇಮ್ ತೆಗೆದು, ಪ್ರತಿ ಫ್ರೇಮ್‌ನ ಶಾರ್ಪ್ ಭಾಗವನ್ನು ಮಾತ್ರ ಸಾಫ್ಟ್‌ವೇರ್‌ನಲ್ಲಿ ಜೋಡಿಸುವುದು. ಇದರ ದೊಡ್ಡ ಲಾಭ ಆಳ ಜಾಸ್ತಿ ಆಗೋದಷ್ಟೇ ಅಲ್ಲ. ಎಫ್/5.6ರಂಥ, ಲೆನ್ಸ್ ಚೆನ್ನಾಗಿ ಬಿಡಿಸಿ ತೋರಿಸುವ ಅಪರ್ಚರ್‌ನಲ್ಲೇ ಇಡೀ ಕೀಟ ಸಿಗುತ್ತದೆ, ಹಿನ್ನೆಲೆಯೂ ಮೆತ್ತಗೆ ಉಳಿಯುತ್ತದೆ. ಆ ಎದುರುಮುಖದ ನೊಣಕ್ಕೆ ಎಫ್/5.6ರಲ್ಲಿ ಒಂದೊಂದು ಫ್ರೇಮ್‌ಗೆ ಸುಮಾರು 0.6 ಮಿ.ಮೀ. ಸಿಗುತ್ತದೆ. ಒಂದರ ಮೇಲೊಂದು ಸ್ವಲ್ಪ ಹಾಯಬೇಕಲ್ಲ, ಹಾಗಾಗಿ ಹದಿನೈದು ಫ್ರೇಮ್ ಆದರೂ ಬೇಕು.

ಆ ಹದಿನೈದು ಫ್ರೇಮ್ ಮುಗಿಯುವವರೆಗೂ ನೊಣ ಅಲ್ಲಾಡಬಾರದು. ತೊಂದರೆ ಇರೋದೇ ಇಲ್ಲಿ. ಒಮ್ಮೆ ಎಲೆಯ ಮೇಲಿನ ಇರುವೆಯೊಂದನ್ನು ಹನ್ನೆರಡು ಫ್ರೇಮ್‌ನಲ್ಲಿ ಹಿಡಿದೆ. ಕ್ಯಾಮೆರಾದ ಪರದೆಯಲ್ಲಿ ಎಲ್ಲವೂ ಚೆಂದ ಕಂಡವು. ಜೋಡಿಸಿ ನೋಡಿದರೆ ಇರುವೆಗೆ ಐದು ಮೀಸೆ! ಅದು ನಿಂತಲ್ಲೇ ನಿಂತು ಮೀಸೆ ಮಾತ್ರ ಆಡಿಸುತ್ತಿತ್ತು. ಮೈ ಅಲ್ಲಾಡದಿದ್ದರೂ ಕಣಜ, ಜೇನ್ನೊಣಗಳ ಹೊಟ್ಟೆ ಉಸಿರಾಟಕ್ಕೆ ಹಿಗ್ಗಿ ಕುಗ್ಗುತ್ತಿರುತ್ತದೆ. ಸ್ಟ್ಯಾಕ್‌ನಲ್ಲಿ ಅದು ಎರಡೆರಡು ಅಂಚುಗಳಾಗಿ ಕಾಣುತ್ತದೆ.

ಆದ್ದರಿಂದ ಸ್ಟ್ಯಾಕಿಂಗ್‌ಗೆ ಒಳ್ಳೇ ಹೊತ್ತು ಬೆಳಗಿನ ಜಾವ. ಕೀಟಗಳು ಮೈ ಬಿಸಿ ಮಾಡಿಕೊಳ್ಳಲು ಬಿಸಿಲಿಗೆ ಕಾಯುತ್ತವೆ. ಇಬ್ಬನಿ ಮೆತ್ತಿಕೊಂಡ ಏರೋಪ್ಲೇನ್ ಚಿಟ್ಟೆ ಎಷ್ಟೋ ಹೊತ್ತು ಕೂತಲ್ಲೇ ಕೂತಿರುತ್ತದೆ. ಕೈಯಲ್ಲೇ ತೆಗೆಯುವುದಾದರೆ ಕೀಟ ಕೂತ ಕಡ್ಡಿಯನ್ನು ಎಡಗೈಯಲ್ಲಿ ಹಿಡಿದು, ಲೆನ್ಸನ್ನು ಅದೇ ಕೈ ಮೇಲೆ ಊರಿ. ಆಗ ಅಲ್ಲಾಡಿದರೂ ಎರಡೂ ಒಟ್ಟಿಗೇ ಅಲ್ಲಾಡುತ್ತವೆ. ಫ್ಲ್ಯಾಶ್ ಬಳಸುತ್ತಿದ್ದರೆ ಪವರ್ ಕಡಿಮೆ ಇಡಿ, ಇಲ್ಲದಿದ್ದರೆ ಅದು ಮತ್ತೆ ಚಾರ್ಜ್ ಆಗುವಷ್ಟರಲ್ಲಿ ಬರ್ಸ್ಟ್ (ಬಟನ್ ಒತ್ತಿ ಹಿಡಿದು ಪಟಪಟನೆ ತೆಗೆಯುವ ಸರಣಿ) ಮಧ್ಯದಲ್ಲೇ ಒಂದೆರಡು ಫ್ರೇಮ್ ಕತ್ತಲಾಗುತ್ತವೆ. ಅಲ್ಲಾಡದಿರಲಿ ಅಂತ ಕೀಟವನ್ನು ಫ್ರಿಜ್‌ನಲ್ಲಿಡುವವರೂ ಇದ್ದಾರೆ. ನನಗದು ಸರಿ ಕಾಣಲ್ಲ. ಚಿತ್ರದಲ್ಲೂ ಗೊತ್ತಾಗುತ್ತದೆ, ಕಾಲು ಮುದುಡಿ ಸತ್ತಂತೆ ಕೂತಿರುತ್ತವೆ.

ಸಾಫ್ಟ್‌ವೇರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹೆಲಿಕಾನ್ ಫೋಕಸ್, ಝೆರೀನ್ ಸ್ಟ್ಯಾಕರ್ ಎರಡೂ ಚೆನ್ನಾಗಿವೆ. ಝೆರೀನ್‌ನಲ್ಲಿ ಒಂದರ ಮೇಲೊಂದು ಹಾದುಹೋಗುವ ಕೂದಲುಗಳಿಗೆ ಪಿಮ್ಯಾಕ್ಸ್ ಎಂಬ ಜೋಡಣೆ ವಿಧಾನ, ಬಣ್ಣ ಮತ್ತು ನಯವಾದ ಮೈಗೆ ಡಿಮ್ಯಾಪ್ ವಿಧಾನ. ನಾನು ಈ ಎರಡೂ ವಿಧಾನದಲ್ಲಿ ಮಾಡಿ, ಒಂದರಿಂದ ಇನ್ನೊಂದಕ್ಕೆ ತೇಪೆ ಹಾಕುತ್ತೇನೆ.

ಸ್ಟ್ಯಾಕಿಂಗ್‌ನ ತುತ್ತತುದಿ ನೋಡಬೇಕೆಂದರೆ ಛಾಯಾಗ್ರಾಹಕ ಲೆವನ್ ಬಿಸ್ ಅವರ ಕೆಲಸ ನೋಡಿ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ಕೀಟಗಳನ್ನು ಅವರು ತೆಗೆದಾಗ ಒಂದೊಂದು ಚಿತ್ರಕ್ಕೂ 8,000ಕ್ಕಿಂತ ಹೆಚ್ಚು ಫ್ರೇಮ್ ಬಳಸಿದ್ದರು. ಆದರೆ ಅವು ಸಂಗ್ರಹದಲ್ಲಿಟ್ಟ, ಜೀವವಿಲ್ಲದ ಕೀಟಗಳು. ನಿಮ್ಮ ನೊಣಕ್ಕೆ ಜೀವ ಇದೆ, ಅಲ್ವಾ?

ಹಾಗೆ ನೋಡಿದರೆ ಬದುಕಿರುವ ಕೀಟದ ಇಡೀ ಮೈ ಸ್ಟ್ಯಾಕ್ ಮಾಡಲೇಬೇಕಂತಿಲ್ಲ. ತಲೆ ಮತ್ತು ಮುಂದಿನ ಕಾಲುಗಳಿಗೆ ನಾಲ್ಕೈದು ಫ್ರೇಮ್ ಸಾಕು, ಹಿಂಭಾಗ ಮೆಲ್ಲಗೆ ಮಸುಕಾಗಲಿ. ತುದಿಯಿಂದ ತುದಿಗೆ ಶಾರ್ಪ್ ಇರುವ ಕೀಟ ನನಗೆ ಎಷ್ಟೋ ಸಲ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ. ಬೇಟೆ, ಜೋಡಿ ಕೂಡುವುದು, ಹಾರಾಟ, ಇವಕ್ಕಂತೂ ಒಂದೇ ಶಾಟ್, ಬೇರೆ ದಾರಿಯಿಲ್ಲ.

ನಾಳೆ ನೊಣ ಸಿಕ್ಕರೆ ಮೊದಲು ಪಕ್ಕದಿಂದ ಎಫ್/11ರಲ್ಲಿ ಒಂದು ತೆಗೆದಿಟ್ಟುಕೊಳ್ಳಿ. ಆಮೇಲೆ ಮೆಲ್ಲಗೆ ಎದುರಿಗೆ ಬನ್ನಿ. ನೊಣ ಮುಂಗಾಲು ಉಜ್ಜಿಕೊಳ್ಳುತ್ತಿದ್ದರೆ ಕಾಯಿರಿ. ಉಜ್ಜಿ ಉಜ್ಜಿ ಒಂದೆರಡು ಕ್ಷಣ ಸುಮ್ಮನಾಗುತ್ತದೆ. ಬರ್ಸ್ಟ್ ಒತ್ತಬೇಕಾದದ್ದು ಆಗ.