ರ‍್ಯಾಂಡಮ್ ಹುಡುಗನನ್ನು ಯಾರು ಎಬ್ಬಿಸ್ತಾರೆ?

ಸಂಜೆ ಆರರ ಮೇಲೆ ತುಮಕೂರಿನ ಯಾವ ಬೇಕರಿ ಮುಂದೆ ನಿಂತರೂ ಇವರು ಸಿಗುತ್ತಾರೆ. ಮೂವರು ಹುಡುಗರು, ಮೂರು ಮೊಬೈಲು, ಮಧ್ಯೆ ಆರುತ್ತಿರುವ ಎಗ್ ಪಫ್. ಆಡುತ್ತಿರುವುದು ಬಿಜಿಎಂಐ, ತಂಡ ಕಟ್ಟಿಕೊಂಡು ಗುಂಡು ಹಾರಿಸುವ ಮೊಬೈಲ್ ಆಟ. ಒಂದು ಸ್ಕ್ವಾಡ್‌ಗೆ ನಾಲ್ಕು ಜನ ಬೇಕು. ನಾಲ್ಕನೆಯವನು ಟ್ಯೂಷನ್‌ಗೆ ಹೋಗಿದ್ದಾನೆ. "ರ‍್ಯಾಂಡಮ್ ಹಾಕ್ಕೊಳ್ಳೋಣ ಬಿಡು ಮಗಾ" ಅಂತ ಒಬ್ಬ ಬಟನ್ ಒತ್ತುತ್ತಾನೆ. ಯಾವ ಊರಿನವನೋ ಏನೋ, ಒಬ್ಬ ಹುಡುಗ ಬಂದು ಸೇರಿಕೊಳ್ಳುತ್ತಾನೆ.

ಸ್ವಲ್ಪ ಹೊತ್ತಿಗೆ ಮೂವರಲ್ಲಿ ಒಬ್ಬ ಗುಂಡು ತಿಂದು ನೆಲಕ್ಕೆ ಬೀಳುತ್ತಾನೆ. "ನಾಕ್ ಆದೆ, ರಿವೈವ್ ಕೊಡ್ರೋ!" ಉಳಿದ ಇಬ್ಬರು ಮರೆಗೆ ಸ್ಮೋಕ್ (ಹೊಗೆಬಾಂಬ್) ಎಸೆದು, ಎದುರಿನಿಂದ ಗುಂಡು ಬರುತ್ತಿದ್ದರೂ ಓಡಿಹೋಗಿ ಎಬ್ಬಿಸುತ್ತಾರೆ. ಆಮೇಲೆ ಬೀಳುವುದು ರ‍್ಯಾಂಡಮ್ ಹುಡುಗ. "ಭಾಯ್, ರಿವೈವ್, ರಿವೈವ್" ಅಂತ ಅವನ ದನಿ ಕೇಳುತ್ತದೆ. ಇವರು ಅಲ್ಲಾಡುವುದಿಲ್ಲ. "ಬಿಡೋ, ಅವನ ಹತ್ರ ಲೆವೆಲ್ ತ್ರೀ ಹೆಲ್ಮೆಟ್ ಇದೆ. ಸತ್ತ ಮೇಲೆ ಎತ್ಕೊಳ್ಳೋಣ."

ಇವರೇನು ಕೆಟ್ಟ ಹುಡುಗರಲ್ಲ. ಅಲ್ಲೇ ರಸ್ತೆಯಲ್ಲಿ ಯಾರಾದರೂ ಸ್ಕೂಟರ್‌ನಿಂದ ಬಿದ್ದರೆ ಮೊದಲು ಓಡುವುದು ಇವರೇ. ಹಾಗಾದರೆ ಒಂದೇ ಆಟದಲ್ಲಿ, ಅರ್ಧ ಗಂಟೆಯ ಒಳಗೆ, ಅದೇ ಹುಡುಗರು ಎರಡು ಥರ ಯಾಕೆ ನಡೆದುಕೊಳ್ಳುತ್ತಾರೆ? ಆನ್‌ಲೈನ್ ಗೇಮ್ ಮಕ್ಕಳನ್ನು ಹಾಳು ಮಾಡುತ್ತದೆ ಅನ್ನುವವರೂ, ಸ್ನೇಹ ಕಲಿಸುತ್ತದೆ ಅನ್ನುವವರೂ ಆಡುವವರ ಗುಣದ ಬಗ್ಗೆಯೇ ಮಾತಾಡುತ್ತಾರೆ. ನನಗನ್ನಿಸುವ ಪ್ರಕಾರ ಮೊದಲು ನೋಡಬೇಕಾದ್ದು ಆಟವನ್ನು ಹೇಗೆ ಕಟ್ಟಿದ್ದಾರೆ ಅನ್ನುವುದನ್ನು.

1980ರ ಸುಮಾರಿಗೆ ಅಮೆರಿಕದ ರಾಜಕೀಯ ವಿಜ್ಞಾನಿ ರಾಬರ್ಟ್ ಆಕ್ಸೆಲ್‌ರಾಡ್ ಒಂದು ಟೂರ್ನಮೆಂಟ್ ನಡೆಸಿದರು. ಆಡಿದ್ದು ಕಂಪ್ಯೂಟರ್ ಪ್ರೋಗ್ರಾಮ್‌ಗಳು. ಪ್ರತಿ ಸುತ್ತಿನಲ್ಲೂ ಎರಡೇ ಆಯ್ಕೆ: ಸಹಕರಿಸು, ಇಲ್ಲವೇ ಕೈಕೊಡು. ಇಬ್ಬರೂ ಸಹಕರಿಸಿದರೆ ತಲಾ 3 ಅಂಕ. ಒಬ್ಬ ಸಹಕರಿಸಿ ಇನ್ನೊಬ್ಬ ಕೈಕೊಟ್ಟರೆ ಕೈಕೊಟ್ಟವನಿಗೆ 5, ಪಾಪದವನಿಗೆ ಸೊನ್ನೆ. ಇಬ್ಬರೂ ಕೈಕೊಟ್ಟರೆ ತಲಾ 1. ಒಂದೇ ಸಲ ಆಡಿ ಮುಗಿಸುವುದಾದರೆ ಕೈಕೊಡುವುದೇ ಲಾಭ, ಲೆಕ್ಕ ಹಾಕಿ ನೋಡಿ. ಆದರೆ ಇಲ್ಲಿ ಅದೇ ಜೋಡಿ ಮತ್ತೆ ಮತ್ತೆ ಆಡಬೇಕಿತ್ತು. ಮೊದಲ ಸಲ 14 ಪ್ರೋಗ್ರಾಮ್‌ಗಳು ಬಂದವು, ಎರಡನೇ ಸಲ 62. ಎಂತೆಂಥ ಕುತಂತ್ರಿ ಪ್ರೋಗ್ರಾಮ್‌ಗಳಿದ್ದವು! ಎರಡೂ ಸಲ ಗೆದ್ದದ್ದು ಗಣಿತಜ್ಞ ಅನಾಟೊಲ್ ರ‍್ಯಾಪೊಪೋರ್ಟ್ ಕಳಿಸಿದ್ದ ಒಂದು ಪುಟ್ಟ ಪ್ರೋಗ್ರಾಮ್. ಮೊದಲ ಸುತ್ತಿನಲ್ಲಿ ಸಹಕರಿಸು, ಆಮೇಲೆ ಎದುರಿನವನು ಕಳೆದ ಸುತ್ತಿನಲ್ಲಿ ಏನು ಮಾಡಿದನೋ ಅದನ್ನೇ ಮಾಡು. ಅದಕ್ಕೆ ಗೊತ್ತಿದ್ದದ್ದು ಇಷ್ಟೇ.

ಇಂಥ ಸಾದಾ ಒಳ್ಳೆಯತನ ಗೆಲ್ಲಬೇಕಾದರೆ ಒಂದು ಷರತ್ತಿದೆ. ಆಡುವ ಇಬ್ಬರೂ ಮುಂದೆ ಮತ್ತೆ ಎದುರಾಗುವ ಸಾಧ್ಯತೆ ದೊಡ್ಡದಿರಬೇಕು. ಆಕ್ಸೆಲ್‌ರಾಡ್ ಇದನ್ನು 'ಭವಿಷ್ಯದ ನೆರಳು' ಅಂದರು. ಬೇಕರಿ ಮುಂದಿನ ಗೆಳೆಯನ ವಿಷಯದಲ್ಲಿ ಈ ನೆರಳು ಉದ್ದ. ನಾಳೆ ಕಾಲೇಜಿನಲ್ಲಿ ಅವನ ಮುಖ ನೋಡಬೇಕಲ್ಲ. ರ‍್ಯಾಂಡಮ್ ಹುಡುಗನ ವಿಷಯದಲ್ಲಿ ನೆರಳೇ ಇಲ್ಲ. ಮ್ಯಾಚ್ ಮುಗಿದರೆ ಅವನ್ಯಾರೋ, ಇವರ್ಯಾರೋ.

ತುಮಕೂರಿನಿಂದ ಬೆಂಗಳೂರಿಗೆ ಪಾಸ್ ಮಾಡಿಸಿಕೊಂಡು ದಿನಾ ರೈಲಿನಲ್ಲಿ ಓಡಾಡುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅದೇ ಗಾಡಿ, ಅದೇ ಬೋಗಿ, ಹೆಚ್ಚುಕಮ್ಮಿ ಅದೇ ಮುಖಗಳು. ಯಾರಿಗೆ ಯಾವ ಸೀಟು ಅಂತ ಬರೆದಿಟ್ಟಿರುವುದಿಲ್ಲ, ಆದರೂ ಎಲ್ಲರಿಗೂ ಗೊತ್ತು. ಒಬ್ಬರು ಎರಡು ದಿನ ಕಾಣಿಸದಿದ್ದರೆ ಫೋನ್ ಹೋಗುತ್ತದೆ. ಆಯುಧಪೂಜೆಗೆ ಬೋಗಿಗೆ ಹೂ ಕಟ್ಟುವವರೂ ಇವರೇ. ಅದೇ ಜನ ಮೆಜೆಸ್ಟಿಕ್‌ನಲ್ಲಿ ಇಳಿದ ತಕ್ಷಣ ಗುಂಪಿನಲ್ಲಿ ಮೊಣಕೈ ತೂರಿಸಿಕೊಂಡು ನುಗ್ಗುತ್ತಾರೆ. ಪ್ಲಾಟ್‌ಫಾರಂನಲ್ಲಿ ಜನ ಜಾಸ್ತಿ, ಪರಿಚಯ ಸೊನ್ನೆ. ಬೋಗಿಯಲ್ಲಿ ಜನ ಕಡಿಮೆ, ಆದರೆ ನಾಳೆಯೂ ಸಿಗುತ್ತಾರೆ. ಇನ್ನೊಂದು ವಿಷಯವಿದೆ: ಅಷ್ಟು ದೂರ ಸುಮ್ನೆ ಕೂತಿರಬೇಕು, ಮಾತಾಡದೆ ಬೇರೆ ಗತಿಯಿಲ್ಲ.

ಹಳೆಯ ಆನ್‌ಲೈನ್ ಆಟಗಳಲ್ಲಿ ಈ ಎರಡೂ ಇದ್ದವು, ಬಹಳಷ್ಟು ಸಲ ಯಾರೂ ಬೇಕಂತ ಯೋಚಿಸದೆಯೇ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಮತ್ತು ರಿಚರ್ಡ್ ಬಾರ್ಟಲ್ ಎಂಬ ವಿದ್ಯಾರ್ಥಿಗಳು ಕಟ್ಟಿದ ಮಡ್ ಎಂಬ ಆಟದಲ್ಲಿ ಚಿತ್ರವೇ ಇರಲಿಲ್ಲ, ಬರೀ ಅಕ್ಷರ. ಆಡುತ್ತಿದ್ದವರೂ ಕೆಲವೇ ಜನ. ದೊಡ್ಡ ಮಟ್ಟದಲ್ಲಿ ಇದು ಕಂಡದ್ದು 1999ರಲ್ಲಿ ಬಂದ ಎವರ್‌ಕ್ವೆಸ್ಟ್‌ನಲ್ಲಿ. ಇವತ್ತಿನ ಹುಡುಗರ ಕೈಗೆ ಕೊಟ್ಟರೆ ಹತ್ತು ನಿಮಿಷಕ್ಕೆ ಎಸೆದುಬಿಡುತ್ತಾರೆ, ಅಷ್ಟು ಸತಾಯಿಸುವ ಆಟ ಅದು. ಒಬ್ಬರೇ ಹೋದರೆ ಹೆಚ್ಚಿನವರಿಗೆ ಸಾವೇ ಗತಿ. ಒಂದು ಕಾಳಗ ಮುಗಿದ ಮೇಲೆ ಮಂತ್ರಶಕ್ತಿ ತುಂಬಿಕೊಳ್ಳಲು ನೆಲದ ಮೇಲೆ ಕೂತು ಕಾಯಬೇಕು. ಸತ್ತರೆ ಕತ್ತಿ, ಕವಚ ಎಲ್ಲ ಹೆಣದ ಹತ್ತಿರವೇ ಉಳಿಯುತ್ತಿತ್ತು. ಬರಿಗೈಯಲ್ಲಿ ವಾಪಸ್ ಹೋಗಿ ತರಬೇಕು, ಅದಕ್ಕೆ ಯಾರದಾದರೂ ಕೈಕಾಲು ಹಿಡಿಯಬೇಕು. ಕಾಯುವಾಗ ಏನು ಮಾಡುತ್ತಾರೆ? ಮಾತು. ಹೆಣ ತರಲು ಸಹಾಯ ಮಾಡಿದವನ ಹೆಸರು ಮರೆಯುತ್ತದೆಯೇ? ಇಲ್ಲ. ಗೆದ್ದ ಸಾಮಾನು (ಲೂಟ್) ಕದ್ದು ಓಡಿದವನ ಹೆಸರೂ ಇಡೀ ಸರ್ವರ್‌ಗೆ (ಅದೇ ಆಟಲೋಕದಲ್ಲಿ ಆಡುವವರಿಗೆಲ್ಲ) ಹಬ್ಬುತ್ತಿತ್ತು. ಮಾರನೇ ದಿನ ಅವನನ್ನು ಯಾರೂ ಗುಂಪಿಗೆ ಸೇರಿಸುತ್ತಿರಲಿಲ್ಲ.

2003ರ ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್ ಆಟದವರು ಇದನ್ನೇ ಬೇಕಂತಲೇ ಮಾಡಿದರು. ಹೊಡೆದಾಡಿ ಬಂದವರಿಗೆ ದಣಿವು ಅಂಟಿಕೊಳ್ಳುತ್ತಿತ್ತು. ಅದು ಇಳಿಯಬೇಕಾದರೆ ಕ್ಯಾಂಟೀನಾ ಅನ್ನುವ ಆಟದೊಳಗಿನ ಬಾರಿನಲ್ಲಿ ಕೂತು, ನರ್ತಕರಾಗಿ ಅಥವಾ ವಾದ್ಯದವರಾಗಿ ಆಡುತ್ತಿದ್ದ ಬೇರೆ ಆಟಗಾರರ ಕಾರ್ಯಕ್ರಮ ನೋಡಬೇಕು. ಬಂದೂಕು ಮುಟ್ಟದೆ ಬರೀ ಕುಣಿದುಕೊಂಡೇ ಹೆಸರು ಮಾಡುವ ಆಟಗಾರರಿಗೂ ಅಲ್ಲಿ ಜಾಗವಿತ್ತು.

ಆಮೇಲೆ 2004ರ ನವೆಂಬರ್‌ನಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಬಂತು. ಅದರಲ್ಲಿ ಶತ್ರುಗಳು ತುಂಬಿದ ಗುಹೆಯಂಥ ಒಂದು ಡಂಜನ್‌ಗೆ ಐದು ಜನ ಬೇಕು: ಏಟು ತಡೆಯುವವನೊಬ್ಬ, ಗಾಯ ಮಾಯಿಸುವ ಹೀಲರ್ ಒಬ್ಬ, ಹೊಡೆಯುವವರು ಮೂವರು. ಆಟದ ನಗರಕ್ಕೆ ಹೋಗಿ "ಹೀಲರ್ ಬೇಕು, ಹೀಲರ್" ಅಂತ ಚಾಟ್‌ನಲ್ಲಿ ಕೂಗಬೇಕಿತ್ತು. ಸಿಕ್ಕ ಮೇಲೆ ಬಾಗಿಲವರೆಗೆ ಪ್ರಯಾಣ. ಅರ್ಧ ಸಂಜೆ ಹೀಗೇ ಕಳೆದುಹೋಗುತ್ತಿತ್ತು. ಜನ ಗೊಣಗಿದರು, ನ್ಯಾಯವೇ. 2009ರ ಡಿಸೆಂಬರ್‌ನಲ್ಲಿ ಕಂಪನಿ ಡಂಜನ್ ಫೈಂಡರ್ ಕೊಟ್ಟಿತು. ಒಂದು ಬಟನ್ ಒತ್ತಿದರೆ ಸಾಕು, ಬೇರೆ ಬೇರೆ ಸರ್ವರ್‌ಗಳಿಂದ ಐದು ಜನರನ್ನು ಎತ್ತಿ ನೇರ ಒಳಗೇ ಇಳಿಸುತ್ತದೆ.

ಅನುಕೂಲವಾಯಿತು, ನಿಜ. ಆಫೀಸ್ ಮುಗಿಸಿ ಬಂದು ಮುಕ್ಕಾಲು ಗಂಟೆ ಮಾತ್ರ ಸಿಗುವವನಿಗೆ ಅದು ವರ. ಆದರೆ ಈ ಐವರು ಬೇರೆ ಬೇರೆ ಸರ್ವರ್‌ನವರು, ಮತ್ತೆ ಸಿಗುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ. ನಮಸ್ಕಾರವಿಲ್ಲ, ಮಾತಿಲ್ಲ, ತಡ ಮಾಡಿದವನನ್ನು ವೋಟ್ ಹಾಕಿ ಹೊರಗೆ ತಳ್ಳುವುದು. ಒಳ್ಳೆಯ ಹೀಲರ್ ಅಂತ ಹೆಸರು ಗಳಿಸಿ ಏನು ಪ್ರಯೋಜನ, ಕೇಳುವವರು ಯಾರು? ಹಳೆಯ ಆಟಗಾರರು ವರ್ಷಗಟ್ಟಲೆ ಇದನ್ನೇ ಹೇಳಿದರು. 2019ರ ಆಗಸ್ಟ್‌ನಲ್ಲಿ ಕಂಪನಿ ಆ ಬಟನ್ ಇಲ್ಲದ ಹಳೆಯ ಆಟವನ್ನೇ 'ಕ್ಲಾಸಿಕ್' ಅಂತ ಮತ್ತೆ ತಂದಾಗ ಲಾಗಿನ್ ಆಗಲು ಉದ್ದದ ಕ್ಯೂ ನಿಂತಿತು.

ಹಾಗಂತ ಹಳೆಯದೆಲ್ಲ ಹೊನ್ನು ಅಂತ ಕಣ್ಣುಮುಚ್ಚಿ ಹೇಳಲಾಗದು. 2006ರಲ್ಲಿ, ಅಂದರೆ ಆ ಬಟನ್ ಬರುವ ಮೊದಲೇ, ನಿಕೊಲಾಸ್ ಡುಶೆನೊ ಮತ್ತು ಜೊತೆಗಾರರು ಇದೇ ಆಟದ ಆಟಗಾರರ ಚಲನವಲನ ಅಳೆದು ಒಂದು ಸಂಶೋಧನೆ ಪ್ರಕಟಿಸಿದರು. ಜನ ಹೆಚ್ಚಿನ ಹೊತ್ತು ಒಬ್ಬೊಬ್ಬರೇ ಆಡುತ್ತಿದ್ದರು. ಉಳಿದವರು ಅವರಿಗೆ ಪ್ರೇಕ್ಷಕರು, ಸುತ್ತಲಿನ ಗದ್ದಲ. ನನಗೆ ಇದು ಬೇಜಾರಿನ ಸುದ್ದಿ ಅನ್ನಿಸುವುದಿಲ್ಲ. ಅಮಾನಿಕೆರೆಯ ಪಾರ್ಕಿನಲ್ಲಿ ಒಬ್ಬರೇ ವಾಕ್ ಮಾಡುವವರೂ ಯಾರೂ ಇಲ್ಲದ ಪಾರ್ಕಿಗೆ ಹೋಗುವುದಿಲ್ಲ, ಅಲ್ವಾ? ಅದೇ ವರ್ಷ ಸಂಶೋಧಕರಾದ ಕಾನ್‌ಸ್ಟನ್ಸ್ ಸ್ಟೈನ್‌ಕ್ಯೂಲರ್ ಮತ್ತು ಡಿಮಿಟ್ರಿ ವಿಲಿಯಮ್ಸ್ ಇಂಥ ಆಟಗಳನ್ನು 'ಮೂರನೇ ಜಾಗ' ಅಂದರು. ಮನೆಯೂ ಅಲ್ಲದ, ಕೆಲಸವೂ ಅಲ್ಲದ ಜಾಗ. ಬೇರೆ ಬೇರೆ ಹಿನ್ನೆಲೆಯ ಜನರ ಪರಿಚಯ ಮಾಡಿಸುವುದರಲ್ಲಿ ಈ ಜಾಗ ಗಟ್ಟಿ, ಕಷ್ಟಕ್ಕೆ ಆಗುವ ಆಪ್ತರನ್ನು ಕೊಡುವುದರಲ್ಲಿ ಅಷ್ಟಾಗಿ ಇಲ್ಲ ಅನ್ನುವುದು ಅವರ ವಾದ.

ಹೆಸರು, ಮುಖ ಗೊತ್ತಿಲ್ಲದಿರುವುದೇ ಎಲ್ಲಕ್ಕೂ ಕಾರಣ ಅಂತ ಹೇಳುವುದು ರೂಢಿ. ಅಷ್ಟು ಸರಳವಲ್ಲ. 2012ರ ಜರ್ನಿ ಎಂಬ ಆಟದಲ್ಲಿ ಮರಳುಗಾಡಿನಲ್ಲಿ ಒಬ್ಬ ಅಪರಿಚಿತ ಜೊತೆಯಾಗುತ್ತಾನೆ. ಹೆಸರಿಲ್ಲ, ಮೈಕ್ ಇಲ್ಲ, ಚಾಟ್ ಇಲ್ಲ, ಹಕ್ಕಿಯಂಥ ಒಂದು ಕೂಗು ಮಾತ್ರ. ಆದರೂ ಜನ ಒಬ್ಬರಿಗೊಬ್ಬರು ಕಾಯುತ್ತಾರೆ. ಅದು ತಾನಾಗಿ ಆದದ್ದಲ್ಲ. ಆಟ ತಯಾರಾಗುತ್ತಿದ್ದಾಗ ಆಟಗಾರರು ಒಬ್ಬರನ್ನೊಬ್ಬರು ತಳ್ಳುತ್ತಿದ್ದರು. ಆಗ ತಯಾರಕರು ಉಪದೇಶ ಮಾಡಲಿಲ್ಲ. ಒಬ್ಬರ ಮೈ ಇನ್ನೊಬ್ಬರಿಗೆ ತಾಗದ ಹಾಗೆ ಮಾಡಿದರು. ಹತ್ತಿರ ಬಂದರೆ ಇಬ್ಬರಿಗೂ ಹಾರುವ ಶಕ್ತಿ ತುಂಬುವ ಹಾಗೆ ಮಾಡಿದರು. ತಳ್ಳಲು ದಾರಿಯೇ ಇಲ್ಲ, ಹತ್ತಿರ ಬಂದರೆ ಲಾಭ.

ಅದೇ ವರ್ಷ ಬಂದ ಗಿಲ್ಡ್ ವಾರ್ಸ್ 2ರಲ್ಲಿ ದಾರಿಯಲ್ಲಿ ಬಿದ್ದಿರುವ ಯಾರನ್ನು ಬೇಕಾದರೂ ಎಬ್ಬಿಸಬಹುದು, ಎಬ್ಬಿಸಿದವನಿಗೆ ಅನುಭವದ ಅಂಕ ಸಿಗುತ್ತದೆ. ಗಣಿ, ಗಿಡಮೂಲಿಕೆಯೂ ಪ್ರತಿಯೊಬ್ಬರಿಗೂ ಬೇರೆ ಬೇರೆ. ನಾನು ಕಿತ್ತರೂ ನಿಮ್ಮದು ಅಲ್ಲೇ ಇರುತ್ತದೆ. ಇಲ್ಲಿ ಅಪರಿಚಿತ ಕಂಡರೆ ಖುಷಿ. ಬೇಕರಿ ಹುಡುಗರ ಆಟದಲ್ಲಿ ಇದು ಉಲ್ಟಾ: ಹೆಲ್ಮೆಟ್ ಒಂದೇ, ತಲೆ ನಾಲ್ಕು.

ಬೈಗುಳದ ಕಥೆ ಬೇರೆ. ಲೀಗ್ ಆಫ್ ಲೆಜೆಂಡ್ಸ್ ಆಟದ ಕಂಪನಿ ಇದರ ಹಿಂದೆ ಬಿದ್ದು ಮನಶ್ಶಾಸ್ತ್ರ, ನರವಿಜ್ಞಾನ ಓದಿದವರನ್ನು ಕೆಲಸಕ್ಕೆ ಇಟ್ಟುಕೊಂಡಿತ್ತು. ಸದಾ ಬೈಯುವ ಖದೀಮರನ್ನೆಲ್ಲ ಹೊರಗೆ ಹಾಕಿದರೆ ಮುಗೀತು ಅಂತ ನಾವಂದುಕೊಳ್ಳುತ್ತೇವೆ. ಅವರಿಗೆ ಕಂಡದ್ದೇ ಬೇರೆ. ಬೈಗುಳದ ದೊಡ್ಡ ಪಾಲು ಬರುತ್ತಿದ್ದದ್ದು, ಅವತ್ತೊಂದು ದಿನ ತಲೆಕೆಟ್ಟಿದ್ದ ಸಾಮಾನ್ಯ ಆಟಗಾರರಿಂದ. ಎದುರು ತಂಡದ ಜೊತೆಗಿನ ಚಾಟ್ ಅನ್ನು ಮೊದಲೇ ಆಫ್ ಮಾಡಿಟ್ಟು, ಬೇಕಾದವರು ಆನ್ ಮಾಡಿಕೊಳ್ಳಿ ಅಂದಾಗ ಮಾತು ಹೆಚ್ಚುಕಮ್ಮಿ ಅಷ್ಟೇ ಉಳಿಯಿತು, ಬೈಗುಳ ಇಳಿಯಿತು.

ಬೈಗುಳ ಅಂದಾಗ ನೆನಪಾಯಿತು. ನನ್ನ ಅಕ್ಕನ ಮಗಳು ಪಿಯುಸಿ ಓದುತ್ತಿದ್ದಾಳೆ, ಗುರಿ ಇಡುವುದರಲ್ಲಿ ಅವಳ ಅಣ್ಣನಿಗಿಂತ ಜಾಸ್ತಿ ಪಳಗಿದವಳು. ರ‍್ಯಾಂಡಮ್ ಸ್ಕ್ವಾಡ್‌ನಲ್ಲಿ ಅವಳು ಮೈಕ್ ಆನ್ ಮಾಡುವುದಿಲ್ಲ. ಐಡಿ ಕೂಡ ಹುಡುಗನದೋ ಹುಡುಗಿಯದೋ ತಿಳಿಯದ ಹಾಗಿದೆ. "ದನಿ ಕೇಳಿದ್ರೆ ಗೇಮ್ ಬಿಟ್ಟು ಇನ್‌ಸ್ಟಾ ಐಡಿ ಕೇಳ್ತಾರೆ ಮಾಮ" ಅಂದಳು. ಮಾತಾಡಿದರೆ ಕಾಟ, ಮಾತಾಡದಿದ್ದರೆ "ಈ ನೂಬ್‌ಗೆ ಮೈಕ್ ಇಲ್ಲ" ಅಂತ ಬೈಗುಳ. ಹೀಗಿರುವ ಕಡೆ ಸಮುದಾಯ ಕಟ್ಟಿದ್ದೇವೆ ಅಂತ ಯಾವ ಕಂಪನಿ ಹೇಳಿದರೂ ನಾನು ಅರ್ಧ ಮಾತ್ರ ನಂಬುತ್ತೇನೆ. 2019ರ ಫೆಬ್ರವರಿಯಲ್ಲಿ ಬಂದ ಏಪೆಕ್ಸ್ ಲೆಜೆಂಡ್ಸ್ ಇಲ್ಲೊಂದು ಒಳ್ಳೆಯ ದಾರಿ ತೋರಿಸಿತು. ಒಂದು ಬಟನ್‌ನಿಂದ 'ಅಲ್ಲಿ ಶತ್ರು', 'ಇಲ್ಲಿ ಗುಂಡು ಇದೆ', 'ಈ ಕಡೆ ಹೋಗೋಣ' ಅಂತ ಗುರುತು ಹಾಕಬಹುದು, ಪಾತ್ರವೇ ಅದನ್ನು ಬಾಯಿಬಿಟ್ಟು ಹೇಳುತ್ತದೆ. 'ಪಿಂಗ್' ಅನ್ನುವ ಈ ಸೌಲಭ್ಯವನ್ನು ಆಮೇಲೆ ಬೇರೆ ಆಟಗಳೂ ಎತ್ತಿಕೊಂಡವು. ದನಿ ಕೇಳಿಸದೆಯೂ ತಂಡದ ಕೆಲಸಕ್ಕೆ ಬರಬಹುದು ಅಂತಾಯಿತು.

ಅಷ್ಟಾದರೂ ರ‍್ಯಾಂಡಮ್‌ಗಳು ಯಾವತ್ತೂ ರ‍್ಯಾಂಡಮ್ ಆಗಿಯೇ ಉಳಿಯುವುದಿಲ್ಲ. ಹಿಂದಿ, ತೆಲುಗು, ತಮಿಳಿನ ಗದ್ದಲದ ನಡುವೆ ಒಂದು ದನಿ "ಗುರೂ, ಕವರ್ ಕೊಡು" ಅಂದುಬಿಡಲಿ. "ಲೇ, ಕನ್ನಡದವನು ಕಣೋ! ಯಾವೂರು?" "ಚಿಂತಾಮಣಿ." "ನಮ್ ಚಿಕ್ಕಮ್ಮನ ಮನೆ ಅಲ್ಲೇ ಇರೋದು!" ಮ್ಯಾಚ್ ಸೋತರೂ ಪರವಾಗಿಲ್ಲ, ಫ್ರೆಂಡ್ ರಿಕ್ವೆಸ್ಟ್ ಹೋಗುತ್ತದೆ. ಆ ಒಂದು ಒತ್ತಿನಿಂದ ಅವನು ನಾಳೆಯೂ ಸಿಗುವವನಾಗುತ್ತಾನೆ. ಮುಂದಿನ ಮ್ಯಾಚ್‌ನಲ್ಲಿ ಅವನು ಬಿದ್ದರೆ ಎಬ್ಬಿಸುತ್ತಾರೆ, ಹೆಲ್ಮೆಟ್ ಎಷ್ಟನೇ ಲೆವೆಲ್‌ದೇ ಆಗಿರಲಿ. 2016ರ ಓವರ್‌ವಾಚ್‌ನಲ್ಲಿ ಮ್ಯಾಚ್ ಮುಗಿದ ಮೇಲೆ 'ಇದೇ ತಂಡದಲ್ಲಿ ಮುಂದುವರಿ' ಅನ್ನುವ ಬಟನ್ ಇತ್ತು. ಇಷ್ಟು ಸಣ್ಣದನ್ನು ಎಲ್ಲ ಆಟದವರೂ ಯಾಕೆ ಕಣ್ಣಿಗೆ ಕಾಣುವ ಕಡೆ ಇಡುವುದಿಲ್ಲವೋ ನನಗೆ ಅರ್ಥವಾಗದು.

ಈ ಫ್ರೆಂಡ್ ಲಿಸ್ಟ್ ಇರುವುದು ಕಂಪನಿಯ ಸರ್ವರ್‌ನಲ್ಲಿ ಅನ್ನುವುದನ್ನು ನಮ್ಮ ಹುಡುಗರು ಕಷ್ಟಪಟ್ಟು ಕಲಿತರು. 2020ರ ಸೆಪ್ಟೆಂಬರ್ 2ರಂದು ಸರ್ಕಾರ ಪಬ್‌ಜಿ ಮೊಬೈಲ್ ನಿಷೇಧಿಸಿತು. 2021ರ ಜುಲೈನಲ್ಲಿ ಅದೇ ಆಟ ಬಿಜಿಎಂಐ ಆಗಿ ಬಂತು, 2022ರ ಜುಲೈನಲ್ಲಿ ಆ್ಯಪ್ ಸ್ಟೋರ್‌ಗಳಿಂದ ಮಾಯವಾಯಿತು, 2023ರ ಮೇನಲ್ಲಿ ಮತ್ತೆ ಬಂತು. ಅಮೆರಿಕದಲ್ಲಿ ಸಿಟಿ ಆಫ್ ಹೀರೋಸ್ ಎಂಬ ಆಟವನ್ನು 2012ರ ನವೆಂಬರ್ 30ರಂದು ಪೂರ್ತಿಯಾಗಿ ಮುಚ್ಚಿದರು. ಅದರ ಆಟಗಾರರು ಸುಮ್ಮನಾಗಲಿಲ್ಲ, ತಾವೇ ಸರ್ವರ್ ನಡೆಸಿದರು. 2024ರ ಜನವರಿಯಲ್ಲಿ ಅಂಥದೊಂದು ತಂಡಕ್ಕೆ ಮೂಲ ಕಂಪನಿಯೇ ಅಧಿಕೃತ ಪರವಾನಗಿ ಕೊಟ್ಟಿತು.

ನಮ್ಮ ಪಕ್ಕದ ಬೀದಿಯ ಮೊಬೈಲ್ ಅಂಗಡಿಯವನದು ಇಷ್ಟು ದೊಡ್ಡ ಸಾಹಸವೇನಲ್ಲ. ಪಬ್‌ಜಿ ಹೋದಾಗ ಅವನ ಆಟದ ಗುಂಪು, ಅಂದರೆ ಕ್ಲಾನ್‌ನಲ್ಲಿದ್ದ ಹೆಚ್ಚಿನವರು ಎಲ್ಲಿ ಹೋದರೋ ಗೊತ್ತಾಗಲಿಲ್ಲ. ಅಷ್ಟರಲ್ಲಿ ನಂಬರ್ ಕೊಟ್ಟುಕೊಂಡಿದ್ದ ಒಂಬತ್ತು ಜನ ಒಂದು ವಾಟ್ಸಾಪ್ ಗ್ರೂಪ್‌ನಲ್ಲಿ ಉಳಿದರು. ಗುಬ್ಬಿಯವನೊಬ್ಬ, ಕೋಲಾರದವರಿಬ್ಬರು, ಶಿಡ್ಲಘಟ್ಟದವನೊಬ್ಬ, ಹೀಗೆ. ಗೇಮ್ ಮಾತು ಈಗ ವಾರಕ್ಕೊಮ್ಮೆ ಬಂದರೆ ಹೆಚ್ಚು. ಉಳಿದದ್ದೆಲ್ಲ ಟೊಮೆಟೊ ರೇಟು, ರೇಷ್ಮೆ ಗೂಡಿನ ರೇಟು, ಯಾರಿಗೋ ಬಿ ನೆಗೆಟಿವ್ ರಕ್ತ ಬೇಕು ಅನ್ನುವ ಮೆಸೇಜು. ಕಳೆದ ಸಲ ಅವನ ಅಂಗಡಿಗೆ ಹೋದಾಗ, ಕೋಲಾರದವನ ಮದುವೆಗೆ ಯಾರ ಕಾರಿನಲ್ಲಿ ಹೋಗೋದು, ಪೆಟ್ರೋಲ್ ಯಾರು ಹಾಕಿಸೋದು ಅಂತ ಆ ಗ್ರೂಪ್‌ನಲ್ಲಿ ಜಗಳ ನಡೆಯುತ್ತಿತ್ತು.