ಮನಸ್ಸು ಬತ್ತಿದಾಗಲೂ ಪ್ರಾರ್ಥನೆ ಮಾಡಿದರೆ ಅದು ಕಪಟವಾ?

ಓದುಗರ ಪ್ರಶ್ನೆ: "ನಾನು ಬೆಟಗೇರಿಯವಳು. ಚಿಕ್ಕಂದಿನಿಂದ ಚರ್ಚಿನಲ್ಲೇ ಬೆಳೆದಿದ್ದೇನೆ. ಭಾನುವಾರದ ಆರಾಧನೆ ತಪ್ಪಿಸುವುದಿಲ್ಲ. ರಾತ್ರಿ ಊಟಕ್ಕೆ ಮುಂಚೆ ಮನೆಯಲ್ಲಿ ಕುಟುಂಬ ಪ್ರಾರ್ಥನೆಯೂ ನಡೆಯುತ್ತದೆ. ಆದರೆ ಕೆಲವು ತಿಂಗಳಿಂದ ಒಳಗೆ ಏನೂ ಇಲ್ಲ. ಹಾಡು ಬಾಯಿಗೆ ಬರುತ್ತದೆ, ಮನಸ್ಸಿಗೆ ತಟ್ಟುವುದಿಲ್ಲ. ಇಷ್ಟಾದರೂ ಸ್ತ್ರೀಯರ ಕೂಟದಲ್ಲಿ ನಿಂತು ಪ್ರಾರ್ಥನೆ ನಡೆಸುತ್ತೇನೆ. ಇದು ದೇವರ ಮುಂದೆ ನಾಟಕ ಅಲ್ವಾ? ಮನಸ್ಸು ಮೊದಲಿನ ಹಾಗೆ ಆಗುವ ತನಕ ಬಿಟ್ಟುಬಿಡಲಾ?"

ಅಕ್ಕ, ಬಿಡಬೇಡಿ. ಇದು ನಾಟಕ ಅಲ್ಲ. ಮನಸ್ಸು ಉಕ್ಕಿ ಬಂದ ದಿನ ಪ್ರಾರ್ಥನೆ ಮಾಡಲು ಯಾರಿಗೂ ಕಷ್ಟವಿಲ್ಲ. ಏನೂ ಅನ್ನಿಸದ ದಿನವೂ ದೇವರ ಮುಂದೆ ಬಂದು ಕೂರುತ್ತೀರಲ್ಲ, ಸತ್ಯವೇದ ಕೇಳುವ ನಂಬಿಗಸ್ತಿಕೆ ಅದೇ.

ಈ ಪ್ರಶ್ನೆ ನಿಮ್ಮೊಬ್ಬರದಲ್ಲ. ಕ್ಯಾಂಪಿನಲ್ಲಿ ಅತ್ತು ಅತ್ತು ಪ್ರಾರ್ಥಿಸಿದ ಹುಬ್ಬಳ್ಳಿಯ ಹುಡುಗ, ಮನೆಗೆ ಬಂದು ಹದಿನೈದು ದಿನವಾಗುವಷ್ಟರಲ್ಲಿ ಆ ಹುರುಪು ಆರಿತೆಂದು ಕಂಗಾಲಾಗುತ್ತಾನೆ. ಹಾವೇರಿ ಕಡೆಯ ಹಿರಿಯರು ಹೆಂಡತಿ ತೀರಿಕೊಂಡ ಮೇಲೆ, "ಬೈಬಲ್ ತೆಗೀತೀನಿ, ಅಕ್ಷರ ಕಾಣತಾವು, ಒಳಗ ಏನೂ ಇಳಿಯಂಗಿಲ್ಲ" ಅನ್ನುತ್ತಾರೆ. ವಯಸ್ಸು ಬೇರೆ, ಕಾರಣ ಬೇರೆ. ಹೆದರಿಕೆ ಮಾತ್ರ ಒಂದೇ: ಮನಸ್ಸಿಲ್ಲದೆ ಮಾಡಿದ ಪ್ರಾರ್ಥನೆ ದೇವರಿಗೆ ಹೇಳಿದ ಸುಳ್ಳು.

ಈ ಹೆದರಿಕೆಯ ಬೇರು ಮಾರ್ಕನ ಸುವಾರ್ತೆಯ 7ನೇ ಅಧ್ಯಾಯದಲ್ಲಿದೆ ಅಂತ ನನಗನ್ನಿಸುತ್ತದೆ. ಈ ಜನ ತುಟಿಯಿಂದ ನನ್ನನ್ನು ಗೌರವಿಸುತ್ತಾರೆ, ಹೃದಯ ಮಾತ್ರ ನನ್ನಿಂದ ದೂರ ಇದೆ ಎಂಬ ಯೆಶಾಯನ ಮಾತನ್ನು ಯೇಸು ಅಲ್ಲಿ ಹೇಳುತ್ತಾನೆ. ಎಷ್ಟೋ ಪ್ರಸಂಗಗಳಲ್ಲಿ ಈ ಒಂದು ವಚನವನ್ನಷ್ಟೇ ಎತ್ತಿ ಹೇಳುತ್ತಾರೆ. ದಯವಿಟ್ಟು ಮುಂದಕ್ಕೂ ಓದಿ. ಯೇಸು ಯಾರಿಗೆ ಹೀಗೆ ಹೇಳಿದ? ಪ್ರಾರ್ಥನೆಯಲ್ಲಿ ಸಪ್ಪಗಿದ್ದವರಿಗಲ್ಲ. ವಯಸ್ಸಾದ ತಂದೆತಾಯಿಗೆ ಸಲ್ಲಬೇಕಾದದ್ದನ್ನು 'ಇದು ಕೊರ್ಬಾನ್, ದೇವರಿಗೆ ಮುಡಿಪು' ಅಂತ ಹೇಳಿ ಜಾರಿಕೊಳ್ಳುತ್ತಿದ್ದವರಿಗೆ. ದೇವರ ಹೆಸರಿನಲ್ಲಿ ಹೆತ್ತವರ ಅನ್ನ ತಪ್ಪಿಸುವ ದಾರಿ ಹುಡುಕಿದ್ದರು ಅವರು. ಹೃದಯ ದೂರ ಇರುವುದು ಅಂದರೆ ಅಲ್ಲಿ ಅದು. ಮತ್ತಾಯನ 6ನೇ ಅಧ್ಯಾಯದ ಕಪಟಿಗಳೂ ಅಷ್ಟೇ. ಅವರು ಬೀದಿ ಮೂಲೆಗಳಲ್ಲಿ ನಿಂತು ಪ್ರಾರ್ಥಿಸಿದ್ದು ಜನ ನೋಡಲಿ ಅಂತ. ನೀವೋ, ಯಾರಿಗೂ ಕಾಣದ ಒಳಗಿನ ಬರಗಾಲವನ್ನು ನೆನೆದು ಸಂಕಟಪಡುತ್ತಿದ್ದೀರಿ. ಕಪಟಿಗೆ ಆ ಸಂಕಟ ಇರುವುದಿಲ್ಲ.

ಒಂದು ವಿಷಯ ಮಾತ್ರ ನೋಡಿಕೊಳ್ಳಿ. ಕೂಟದಲ್ಲಿ ನಿಂತಾಗ ಇಲ್ಲದ ಭಾವವನ್ನು ದನಿಗೆ ತಂದುಕೊಳ್ಳುತ್ತಿದ್ದೀರಾ? ಹಾಗಿದ್ದರೆ ಅಷ್ಟನ್ನು ಬಿಡಿ. ದನಿ ನಡುಗಿಸುವುದು ಬೇಡ, ಉದ್ದ ಮಾತು ಬೇಡ. ಒಂದು ಕೀರ್ತನೆ ಓದಿ, ಹುಷಾರಿಲ್ಲದವರ ಹೆಸರು ಹೇಳಿ, ಕರ್ತನ ಪ್ರಾರ್ಥನೆ ಹೇಳಿ ಕೂತುಕೊಳ್ಳಿ. ಸಾಕು.

ಮನೆಯಲ್ಲಿ ಲಕ್ವ ಹೊಡೆದು ಮಲಗಿದ ಅತ್ತೆ ಇದ್ದಾರೆ ಅನ್ನಿ. ರಾತ್ರಿ ಎರಡು ಗಂಟೆಗೆ ಸೊಸೆ ಎದ್ದು ಅವರ ಮಗ್ಗಲು ಬದಲಿಸುತ್ತಾಳೆ, ಒದ್ದೆ ಬಟ್ಟೆ ತೆಗೆಯುತ್ತಾಳೆ, ಚಮಚದಲ್ಲಿ ನೀರು ಕುಡಿಸುತ್ತಾಳೆ. ಆ ಹೊತ್ತಿನಲ್ಲಿ ಅವಳಿಗೆ ಪ್ರೀತಿ ಉಕ್ಕಿ ಬರುತ್ತಿರುತ್ತದಾ? ನಿದ್ದೆ ಬರುತ್ತಿರುತ್ತದೆ, ಸೊಂಟ ನೋಯುತ್ತಿರುತ್ತದೆ. ಆದರೂ ಅವಳದು ನಾಟಕ ಅಂತ ಯಾರಾದರೂ ಅಂದಾರಾ? ಅವಳು ಎದ್ದು ಬಂದದ್ದೇ ಅವಳ ಪ್ರೀತಿ. ಮನುಷ್ಯರ ವಿಷಯದಲ್ಲಿ ಇಷ್ಟು ಚೆನ್ನಾಗಿ ಅರ್ಥವಾಗುವುದು ದೇವರ ವಿಷಯಕ್ಕೆ ಬಂದಾಗ ಯಾಕೋ ನಮಗೆ ಮರೆತುಹೋಗುತ್ತದೆ.

ಇನ್ನು 'ಮನಸ್ಸು ಸರಿಯಾಗುವ ತನಕ ಬಿಡಲಾ' ಅನ್ನುವುದು. ದಾನಿಯೇಲನ 6ನೇ ಅಧ್ಯಾಯ ತೆಗೆಯಿರಿ. ರಾಜ ದಾರ್ಯಾವೆಷನಿಗೆ ಬಿಟ್ಟು ಬೇರೆ ಯಾರಿಗೂ ಪ್ರಾರ್ಥನೆ ಮಾಡಬಾರದು ಎಂಬ ಆಜ್ಞೆ ಇದ್ದದ್ದು 30 ದಿನಕ್ಕೆ ಮಾತ್ರ. ಮೀರಿದವರಿಗೆ ಸಿಂಹದ ಗವಿ. ಒಂದು ತಿಂಗಳು ತಾನೇ, ಸುಮ್ನೆ ಇದ್ದರಾಯಿತು ಅಂತ ದಾನಿಯೇಲ ಅಂದುಕೊಳ್ಳಬಹುದಿತ್ತು. ಅವನು ಮನೆಗೆ ಹೋದ. ಯೆರೂಸಲೇಮಿನ ಕಡೆಗೆ ತೆರೆದಿದ್ದ ಕಿಟಕಿಯ ಮುಂದೆ ಮೊಣಕಾಲೂರಿದ. ದಿನಕ್ಕೆ ಮೂರು ಸಲ, ಮೊದಲು ಮಾಡುತ್ತಿದ್ದ ಹಾಗೆಯೇ. ಈ 'ಮೊದಲಿನ ಹಾಗೆಯೇ' ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಆ ದಿನ ಅವನ ಮನಸ್ಸಿನಲ್ಲಿ ಏನಿತ್ತು, ಧೈರ್ಯವೋ ಭಯವೋ, ಸತ್ಯವೇದ ಒಂದು ಮಾತೂ ಹೇಳುವುದಿಲ್ಲ. ಸಿಂಹದ ಗವಿಯ ಮುಂದೆ ಅವನನ್ನು ನಿಲ್ಲಿಸಿದ್ದು ಅಂದಿನ ಆವೇಶವಲ್ಲ, ಎಷ್ಟೋ ವರ್ಷಗಳ ರೂಢಿ.

ಬತ್ತುವುದಕ್ಕೆ ಕಾರಣ ಏನು? ಗುಟ್ಟಿನ ಪಾಪ ಏನೋ ಇರಬೇಕು ಅಂತ ಕೆಲವರು ತಟ್ಟನೆ ಹೇಳಿಬಿಡುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಕೆಲವೊಮ್ಮೆ ಹಾಗಿರಬಹುದು. ಯಾರ ಮೇಲಾದರೂ ಹಗೆ ಇಟ್ಟುಕೊಂಡಿದ್ದರೆ, ಯಾರದ್ದಾದರೂ ದುಡ್ಡು ಕೊಡದೆ ಇಟ್ಟುಕೊಂಡಿದ್ದರೆ ಅದನ್ನು ಸರಿಮಾಡಿಕೊಳ್ಳಲೇಬೇಕು. ಆದರೆ ಬರೀ ದಣಿವಿನಿಂದಲೂ ಪ್ರಾರ್ಥನೆ ಬತ್ತುತ್ತದೆ. ಪ್ರವಾದಿ ಎಲೀಯನನ್ನು ನೆನಪಿಸಿಕೊಳ್ಳಿ. ಕರ್ಮೆಲ್ ಬೆಟ್ಟದಲ್ಲಿ ಆಕಾಶದಿಂದ ಬೆಂಕಿ ಬಿದ್ದದ್ದನ್ನು ಕಣ್ಣಾರೆ ಕಂಡವನು, ಅದಾದ ಸ್ವಲ್ಪ ದಿನಕ್ಕೇ ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು ಸಾವು ಬೇಡಿದ. ದೇವರು ಅವನನ್ನು ಗದರಿಸಲಿಲ್ಲ. ಮಲಗಲು ಬಿಟ್ಟು, ದೂತನ ಕೈಯಲ್ಲಿ ರೊಟ್ಟಿ, ನೀರು ಕೊಡಿಸಿದ. ಮತ್ತೆ ಮಲಗಿದಾಗ ಮತ್ತೊಮ್ಮೆ ಎಬ್ಬಿಸಿ ಉಣ್ಣಿಸಿದ. ಮಾತು ಆಮೇಲೆ ಬಂತು. ನಿಮಗೂ ನಿದ್ದೆ ಕೆಟ್ಟಿದ್ದರೆ, ಊಟ ಸೇರದಿದ್ದರೆ, ದೇವರ ವಿಷಯದಲ್ಲಷ್ಟೇ ಅಲ್ಲ, ಮಕ್ಕಳ ವಿಷಯದಲ್ಲೂ, ಯಾವುದರಲ್ಲೂ ಆಸಕ್ತಿ ಉಳಿದಿಲ್ಲ ಅನ್ನಿಸಿದರೆ ಡಾಕ್ಟರಿಗೆ ತೋರಿಸಿ. ಧಾರವಾಡದ ಮಾನಸಿಕ ಆರೋಗ್ಯದ ಆಸ್ಪತ್ರೆಯಾದ ಡಿಮ್ಹಾನ್ಸ್‌ಗೆ ಹೋಗುವುದು ನಂಬಿಕೆ ಕಡಿಮೆಯಾದವರ ಕೆಲಸ ಅಲ್ಲವೇ ಅಲ್ಲ. ಎಲೀಯನಿಗೆ ರೊಟ್ಟಿ ಕೊಟ್ಟ ದೇವರು ನಿಮಗೆ ಮಾತ್ರೆಯನ್ನೂ ಕೊಡುತ್ತಾನೆ.

ಮೈ ಹುಷಾರಿದೆ, ಯಾರ ಜೊತೆಗೂ ಜಗಳವಿಲ್ಲ, ಆದರೂ ಬತ್ತಿದೆ ಅಂದರೆ? ಆಗಲೂ ನೀವೊಬ್ಬರೇ ಅಲ್ಲ. ಮದರ್ ತೆರೇಸಾ ತೀರಿಕೊಂಡದ್ದು 1997ರಲ್ಲಿ. ಅವರು ತಮ್ಮ ಗುರುಗಳಿಗೆ ಬರೆದಿದ್ದ ಖಾಸಗಿ ಪತ್ರಗಳು 2007ರಲ್ಲಿ ಪ್ರಕಟವಾದವು. ಹತ್ತಿರ ಹತ್ತಿರ 50 ವರ್ಷ ಅವರಿಗೆ ದೇವರು ಹತ್ತಿರ ಇದ್ದಾನೆ ಅಂತ ಅನ್ನಿಸುತ್ತಲೇ ಇರಲಿಲ್ಲ ಎಂಬುದು ಆಗ ಲೋಕಕ್ಕೆ ತಿಳಿಯಿತು. ಅಷ್ಟೂ ವರ್ಷ ಅವರು ಬೆಳಗಿನ ಪ್ರಾರ್ಥನೆ ಬಿಡಲಿಲ್ಲ, ಕೋಲ್ಕತ್ತಾದ ಬೀದಿಗಳಲ್ಲಿ ಸಾಯುತ್ತ ಬಿದ್ದವರನ್ನೂ ಬಿಡಲಿಲ್ಲ. ಕೆಲವರು ಆ ಪತ್ರ ಓದಿ ಅವರ ಭಕ್ತಿಯನ್ನೇ ಅನುಮಾನಿಸಿದರು. ನನಗೆ ಅವರ ಮೇಲಿನ ಗೌರವ ಜಾಸ್ತಿಯಾಯಿತು.

16ನೇ ಶತಮಾನದ ಕ್ಯಾಥೊಲಿಕ್ ಸಂತ, ಲೊಯೊಲಾದ ಇಗ್ನೇಷಿಯಸ್ ಇಂಥ ಹೊತ್ತಿಗೆ ಒಂದು ಬುದ್ಧಿಮಾತು ಹೇಳಿದ್ದಾರೆ. ನಾವು ಪ್ರಾಟೆಸ್ಟೆಂಟರಿಗೂ ಅದು ಅಷ್ಟೇ ಒಳ್ಳೆಯದು. ಮನಸ್ಸು ಬೆಳಕಾಗಿದ್ದಾಗ ಮಾಡಿದ ತೀರ್ಮಾನವನ್ನು ಮನಸ್ಸು ಕತ್ತಲಾದಾಗ ಬದಲಿಸಬೇಡ ಅನ್ನುತ್ತಾರೆ ಅವರು. ಬತ್ತಿದ ದಿನ ಪ್ರಾರ್ಥನೆಯ ಹೊತ್ತು ಕಡಿಮೆ ಮಾಡಬೇಡ, ಬದಲಿಗೆ ಒಂದು ಗಳಿಗೆ ಹೆಚ್ಚೇ ಕೂರು ಅಂತಲೂ ಹೇಳುತ್ತಾರೆ. ಕೂಟ ನಡೆಸುವ ಹೊಣೆ ಹೊತ್ತ ದಿನ ನಿಮ್ಮ ಮನಸ್ಸು ತಿಳಿಯಾಗಿತ್ತು. ಅದನ್ನು ಇಳಿಸುವುದಿದ್ದರೂ ಅಂಥದೇ ತಿಳಿ ಮನಸ್ಸಿನ ದಿನ ಇಳಿಸಿ, ಇವತ್ತು ಬೇಡ.

ಹೆಚ್ಚು ಹೊತ್ತು ಕೂತು ಮಾಡುವುದೇನು, ಮಾತೇ ಬರುವುದಿಲ್ಲವಲ್ಲ ಅನ್ನಬಹುದು. ನಿಮ್ಮ ಮಾತು ಬರದಿದ್ದರೆ ಕೀರ್ತನೆಗಳ ಮಾತನ್ನು ಇಸಿದುಕೊಳ್ಳಿ. 150 ಕೀರ್ತನೆಗಳಲ್ಲಿ ಗೋಳಾಟದವು ಎಷ್ಟೊಂದಿವೆ! 88ನೆಯದಂತೂ ಸಮಾಧಾನಕ್ಕೆ ಬರುವುದೇ ಇಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಅಂಥ ಪ್ರಾರ್ಥನೆಯನ್ನೂ ದೇವರು ತನ್ನ ಗ್ರಂಥದಲ್ಲಿ ಇರಿಸಿಕೊಂಡಿದ್ದಾನೆ. ಅಷ್ಟೂ ಆಗದಿದ್ದರೆ ಪೌಲ ರೋಮಾಪುರದವರಿಗೆ ಬರೆದ 8ನೇ ಅಧ್ಯಾಯ ನೆನೆಸಿ: ಹೇಗೆ ಪ್ರಾರ್ಥಿಸಬೇಕೋ ನಮಗೆ ಗೊತ್ತಿಲ್ಲದಾಗ, ಮಾತಿಲ್ಲದ ನರಳಾಟದಿಂದ ಪವಿತ್ರಾತ್ಮನೇ ನಮಗಾಗಿ ಬೇಡುತ್ತಾನೆ.

ನಂಬಿಗಸ್ತಿಕೆ ಅಂದರೆ ಪ್ರಾರ್ಥನೆಯ ಚಾಪೆಯ ಮೇಲಿನ ಅರ್ಧ ಗಂಟೆ ಅಂತಷ್ಟೇ ತಿಳಿದದ್ದರಿಂದಲೂ ಈ ಕಷ್ಟ ಹೆಚ್ಚಾಗಿದೆ. ಸ್ವಲ್ಪದರಲ್ಲಿ ನಂಬಿಗಸ್ತನಾದವನು ಬಹಳದರಲ್ಲಿಯೂ ನಂಬಿಗಸ್ತ ಅಂತ ಯೇಸು ಹೇಳಿದ್ದು ಲೂಕನ 16ನೇ ಅಧ್ಯಾಯದಲ್ಲಿ, ಅದೂ ಹಣದ ವ್ಯವಹಾರದ ಮಾತಿನ ನಡುವೆ. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಒಯ್ಯುವ ಒಬ್ಬ ವಿಶ್ವಾಸಿಯನ್ನು ನೆನೆಯಿರಿ. ಚೀಲ ಕಟ್ಟುವ ಮುಂಚೆ ನಾಲ್ಕು ಹನಿ ನೀರು ಚಿಮುಕಿಸಿದರೆ ತೂಕ ಏರುತ್ತದೆ. ನೋಡುವವರಿಲ್ಲ. ಕೈ ಬಿಂದಿಗೆಯ ಹತ್ತಿರ ಹೋಗಿ ವಾಪಸ್ ಬರುತ್ತದೆ. ಒಣಗಿದ ಕಾಯಿಯನ್ನು ಒಣಗಿದಂತೆಯೇ ತುಂಬಿ ಬಾಯಿ ಹೊಲಿಯುತ್ತಾನೆ. ಅವನಿಗೆ ಆಗ ರೋಮಾಂಚನ ಆಗುವುದಿಲ್ಲ, ಹಾಡೂ ಬರುವುದಿಲ್ಲ. ಆದರೆ ಅದು ದೇವಭಕ್ತಿಯೇ. ನಿಮ್ಮ ದಿನದಲ್ಲೂ ಇಂಥವು ಇದ್ದೇ ಇರುತ್ತವೆ, ಅವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಬತ್ತಿದಾಗಲೂ ಪ್ರಾರ್ಥನೆ ಬಿಡದಿರುವುದು ನಿಮ್ಮ ಊರಿಗೆ ಹೊಸದೂ ಅಲ್ಲ. ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂತು. 1853ರಲ್ಲಿ ಬಂದ ಕಿಟೆಲ್ ಮೊದಲ ವರ್ಷಗಳನ್ನು ಕಳೆದದ್ದು ಈ ಸೀಮೆಯಲ್ಲೇ. ಅವರ ನಿಘಂಟು ಅಚ್ಚಾದದ್ದು 1894ರಲ್ಲಿ, ಬಂದು 41 ವರ್ಷಕ್ಕೆ. ಅವರ ಹೆಸರು ನಮಗೆಲ್ಲ ಗೊತ್ತು. ಆದರೆ ನಂಬಿಕೆ ನಿಮ್ಮ ಮನೆಯ ತನಕ ಬಂದದ್ದು ಹೆಸರು ಉಳಿಯದ ಅಜ್ಜಿಯರಿಂದ. ದಿನವಿಡೀ ದುಡಿದು ಬಂದು, ದೀಪ ಹಚ್ಚಿ, ತೂಕಡಿಸುವ ಮಕ್ಕಳನ್ನು ಕೂರಿಸಿಕೊಂಡು ಕರ್ತನ ಪ್ರಾರ್ಥನೆ ಹೇಳಿಸಿದವರು ಅವರು. ಅವರಿಗೆ ಪ್ರತಿ ರಾತ್ರಿ ಮನಸ್ಸು ತುಂಬಿ ಬಂದಿತ್ತು ಅಂತ ನನಗನ್ನಿಸುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ಇದೆಲ್ಲ ನಿಮ್ಮ ಗಟ್ಟಿತನದ ಮೇಲೆ ನಿಂತಿದೆ ಅಂತ ಮಾತ್ರ ತಿಳಿಯಬೇಡಿ. ನಾವು ಅಪನಂಬಿಗಸ್ತರಾದರೂ ಆತನು ನಂಬಿಗಸ್ತನಾಗಿಯೇ ಇರುತ್ತಾನೆ ಅಂತ ತಿಮೊಥೆಯನಿಗೆ ಬರೆದ ಎರಡನೆಯ ಪತ್ರದಲ್ಲಿದೆ. ಯೇಸುವಿನ ಕೊನೆಯ ಊಟದ ರಾತ್ರಿ ಶಿಷ್ಯ ಪೇತ್ರ ಆತನಿಗೆ, ಸೆರೆಗಾದರೂ ಸಾವಿಗಾದರೂ ನಿನ್ನ ಜೊತೆ ಬರುತ್ತೇನೆ ಅಂದ. ಮನಸ್ಸು ಅವತ್ತು ತುಂಬಿ ತುಳುಕುತ್ತಿತ್ತು. ಕೋಳಿ ಕೂಗುವುದರೊಳಗೆ ಮೂರು ಸಲ 'ಆತನನ್ನು ನಾನರಿಯೆ' ಅಂದ. ಪೇತ್ರನನ್ನು ಕಾಪಾಡಿದ್ದು ಅವನ ತುಂಬಿದ ಮನಸ್ಸಲ್ಲ. ಅವನು ಬೀಳುವ ಮುಂಚೆಯೇ ಯೇಸು ಹೇಳಿದ್ದ: ನಿನ್ನ ನಂಬಿಕೆ ಕುಂದಿಹೋಗದಂತೆ ನಾನು ಬೇಡಿಕೊಂಡಿದ್ದೇನೆ. ಪ್ರತಿ ದಿನ ಹೊಸದಾಗುವ ಕರುಣೆ ಅಂತ ನಾವು ಹಾಡುವ ಮಾತೂ ಸುಖದ ದಿನದಲ್ಲಿ ಹುಟ್ಟಿದ್ದಲ್ಲ. ಯೆರೂಸಲೇಮ್ ಸುಟ್ಟು ಬೂದಿಯಾದ ಮೇಲೆ, ಪ್ರಲಾಪಗಳ ಪುಸ್ತಕದ ಸರಿಯಾಗಿ ನಡುವಿನ ಅಧ್ಯಾಯದಲ್ಲಿ ಬರುವ ಮಾತು ಅದು. ಅದಾದ ಮೇಲೂ ಅಳು ಮುಂದುವರಿಯುತ್ತದೆ.

ಕೂಟದ ವಿಷಯಕ್ಕೆ ಬರುತ್ತೇನೆ. ನಡೆಸುತ್ತಿರಿ, ಆದರೆ ಒಬ್ಬರೇ ಹೊರಬೇಡಿ. ನಿಮಗೆ ನೆಚ್ಚಿಕೆಯಾದ ಒಬ್ಬ ಹಿರಿಯಕ್ಕನ ಹತ್ತಿರ, ಇಲ್ಲವೇ ಸಭಾಪಾಲಕರ ಹತ್ತಿರ, ನನಗೆ ಬರೆದದ್ದನ್ನೇ ಹೇಳಿ. ಪ್ರಾರ್ಥನೆಯನ್ನು ವಾರಕ್ಕೊಬ್ಬರ ಪಾಳಿ ಮಾಡಿಕೊಳ್ಳಿ. ಮುಂದಿನ ಸಲಕ್ಕೆ 13ನೇ ಕೀರ್ತನೆ ತೆಗೆದುಕೊಳ್ಳಿ. ಆರೇ ವಚನ. ಯೆಹೋವನೇ, ಇನ್ನೆಷ್ಟು ಕಾಲ ಅಂತ ದಾವೀದ ಮೊದಲೆರಡು ವಚನಗಳಲ್ಲೇ ನಾಲ್ಕು ಸಲ ಕೇಳುತ್ತಾನೆ. ಅದನ್ನು ನಿಧಾನವಾಗಿ ಓದಿ, ಯಾರಿಗಾದರೂ ಹೀಗೆ ಅನ್ನಿಸಿದ್ದುಂಟಾ ಅಂತ ಕೇಳಿ, ಉತ್ತರಕ್ಕೆ ಅವಸರ ಮಾಡಬೇಡಿ. ಅಲ್ಲಿ ಕೂತವರಲ್ಲಿ ಒಬ್ಬರಾದರೂ ನಿಮ್ಮ ಪ್ರಶ್ನೆಯನ್ನೇ ಇಟ್ಟುಕೊಂಡು ಬಂದಿರಬಹುದು. ಅವರು ಬಾಯಿ ಬಿಟ್ಟರೆ ಆ ದಿನದ ಪ್ರಾರ್ಥನೆ ಅವರಿಗಾಗಿಯೇ ಇರಲಿ.